ಮಧ್ಯರಾತ್ರಿಯ ಕ್ಯೂ: ಅಮೆರಿಕದ ಪ್ರೈಮರಿ ಮತ್ತು ಮತದಾರರ ಸಿಟ್ಟು

ಎಲ್ಲರಿಗೂ ನಮಸ್ಕಾರ. ಕೆಲಸದ ದಿನವಾದರೂ ಇಷ್ಟು ಜನ ಬಂದಿದ್ದೀರಿ, ಖುಷಿಯಾಯಿತು. ನೇರವಾಗಿ ವಿಷಯಕ್ಕೆ ಬರುತ್ತೇನೆ.

2016ರ ಮಾರ್ಚ್ 22, ಮಂಗಳವಾರ. ಅರಿಜೋನಾ ರಾಜ್ಯದ ಫೀನಿಕ್ಸ್ ನಗರ. ಅವತ್ತು ಅಲ್ಲಿ ಪ್ರೈಮರಿ, ಅಂದರೆ ಅಧ್ಯಕ್ಷ ಸ್ಥಾನಕ್ಕೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಮತದಾನ. ಜನ ಕೆಲಸ ಮುಗಿಸಿ, ಮಕ್ಕಳ ಕೈ ಹಿಡಿದುಕೊಂಡು ಬಂದು ಕ್ಯೂ ನಿಂತರು. ಒಂದು ಗಂಟೆಯಾಯಿತು, ಎರಡಾಯಿತು, ಕೆಲವು ಕಡೆ ಐದು ಗಂಟೆಯೇ ಆಯಿತು. ಸಂಜೆ ಏಳಕ್ಕೆ ಮತಗಟ್ಟೆ ಮುಚ್ಚಬೇಕು, ಆದರೆ ಅಷ್ಟರೊಳಗೆ ಕ್ಯೂ ಸೇರಿದವರಿಗೆ ವೋಟು ಹಾಕಲು ಬಿಡಲೇಬೇಕು ಅಂತ ನಿಯಮ. ಹಾಗಾಗಿ ಅವರು ನಿಂತೇ ಇದ್ದರು. ಇನ್ನೂ ನಿಂತಿರುವಾಗಲೇ ಟೀವಿಯಲ್ಲಿ, ಫೋನಿನಲ್ಲಿ ಸುದ್ದಿ ಬಂತು: ಡೆಮಾಕ್ರಟಿಕ್ ಪಕ್ಷದಲ್ಲಿ ಹಿಲರಿ ಕ್ಲಿಂಟನ್ ಗೆದ್ದರು, ರಿಪಬ್ಲಿಕನ್ ಪಕ್ಷದಲ್ಲಿ ಟ್ರಂಪ್ ಗೆದ್ದರು! ವೋಟು ಹಾಕುವವರು ಇನ್ನೂ ಬೀದಿಯಲ್ಲಿದ್ದಾರೆ, ಗೆದ್ದವರ ಹೆಸರು ಆಗಲೇ ಹೊರಗೆ ಬಂದಿದೆ. ಕೊನೆಯವರು ವೋಟು ಹಾಕಿದಾಗ ಮಧ್ಯರಾತ್ರಿ ದಾಟಿತ್ತು.

ಫೀನಿಕ್ಸ್ ಇರುವುದು ಮಾರಿಕೋಪಾ ಕೌಂಟಿಯಲ್ಲಿ. ಅಲ್ಲಿ 2012ರಲ್ಲಿ ಸುಮಾರು 200 ಮತಗಟ್ಟೆಗಳಿದ್ದವು, 2016ಕ್ಕೆ 60ಕ್ಕೆ ಇಳಿಸಿದರು. ಖರ್ಚು ಉಳಿಯುತ್ತದೆ, ಹೇಗೂ ಜಾಸ್ತಿ ಜನ ಅಂಚೆಯಲ್ಲೇ ವೋಟು ಕಳಿಸುತ್ತಾರೆ ಅನ್ನೋದು ಅವರ ಲೆಕ್ಕ. ಮೊದಲಾಗಿದ್ದರೆ ಇಂಥ ಬದಲಾವಣೆಗೆ ಅರಿಜೋನಾ ಕೇಂದ್ರ ಸರ್ಕಾರದ ಒಪ್ಪಿಗೆ ಪಡೆಯಬೇಕಿತ್ತು. 2013ರ ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ ಆ ತಡೆ ಹೋಯಿತು. ತಪ್ಪು ಯಾರದು ಅಂತ ಟೀವಿಯವರು ಕೇಳಿದಾಗ ಅಲ್ಲಿನ ಚುನಾವಣೆಯ ಹೊಣೆ ಹೊತ್ತವರು ಮೊದಲು ದೂರಿದ್ದು ಕ್ಯೂ ನಿಂತವರನ್ನೇ. ಆಮೇಲೆ ತಪ್ಪು ಒಪ್ಪಿಕೊಂಡರು, ನಿಜ. ಆದರೆ 28 ವರ್ಷ ಆ ಹುದ್ದೆಯಲ್ಲಿದ್ದವರನ್ನು ಜನ ಅದೇ ನವೆಂಬರಿನಲ್ಲಿ ಮನೆಗೆ ಕಳಿಸಿದರು.

ಈ ಕ್ಯೂವಿನಿಂದ ಯಾಕೆ ಶುರು ಮಾಡಿದೆ ಅಂದರೆ, ಪ್ರೈಮರಿ ಸಮಯದಲ್ಲಿ ಅಮೆರಿಕದ ಮತದಾರರಿಗೆ ಬರುವ ಸಿಟ್ಟನ್ನು ನಾವು "ತಮ್ಮವರು ಸೋತರು, ಅದಕ್ಕೆ ಗಲಾಟೆ" ಅಂತ ಸುಮ್ನೆ ಹೇಳಿಬಿಡುತ್ತೇವೆ. ನನಗೆ ಅದು ಸರಿ ಅನ್ನಿಸುವುದಿಲ್ಲ. ಸೋಲನ್ನು ಜನ ಹೇಗೋ ಅರಗಿಸಿಕೊಳ್ಳುತ್ತಾರೆ. ನಾನು ಬರುವ ಮೊದಲೇ ತೀರ್ಮಾನ ಆಗಿಹೋಗಿತ್ತು ಅನ್ನಿಸಿದರೆ ಅದು ಅರಗುವುದಿಲ್ಲ. ಪಕ್ಷ ಒಡೆಯುವುದು ಅಲ್ಲಿಂದಲೇ.

ಪ್ರೈಮರಿ ಅಂದರೇನು ಅಂತ ಒಂದು ಮಾತು. ನಮ್ಮಲ್ಲಿ ಟಿಕೆಟ್ ಯಾರಿಗೆ ಅನ್ನೋದನ್ನು ಹೈಕಮಾಂಡ್ ನೋಡಿಕೊಳ್ಳುತ್ತದೆ, ಬಿ ಫಾರಂ ಕೈಗೆ ಬಂದರೆ ಮುಗಿಯಿತು. ಅಲ್ಲಿ ಅಧ್ಯಕ್ಷ ಸ್ಥಾನಕ್ಕೆ ಪಕ್ಷದ ಅಭ್ಯರ್ಥಿ ಯಾರು ಅಂತ ಒಂದೊಂದು ರಾಜ್ಯದ ಜನ ವೋಟು ಹಾಕಿ ಡೆಲಿಗೇಟುಗಳನ್ನು, ಅಂದರೆ ಪ್ರತಿನಿಧಿಗಳನ್ನು, ಆರಿಸುತ್ತಾರೆ, ಆ ಡೆಲಿಗೇಟುಗಳು ಬೇಸಿಗೆಯಲ್ಲಿ ನಡೆಯುವ ಪಕ್ಷದ ಮಹಾಸಭೆಯಲ್ಲಿ ಹೆಸರು ಅಂತಿಮ ಮಾಡುತ್ತಾರೆ. ಕೇಳಲು ಚೆನ್ನಾಗಿದೆ. ಆದರೆ ರಾಜ್ಯಕ್ಕೊಂದು ನಿಯಮ, ಪಕ್ಷಕ್ಕೊಂದು ನಿಯಮ.

ನ್ಯೂಯಾರ್ಕ್ ನೋಡಿ. ಅಲ್ಲಿ ಒಂದು ಪಕ್ಷಕ್ಕೆ ಹೆಸರು ಬರೆಸಿದವರಿಗೆ ಮಾತ್ರ ಆ ಪಕ್ಷದ ಪ್ರೈಮರಿಯಲ್ಲಿ ವೋಟು. 2016ರಲ್ಲಿ ಮತದಾನ ಇದ್ದದ್ದು ಏಪ್ರಿಲ್ 19ಕ್ಕೆ. ಆಗಲೇ ನೋಂದಾಯಿಸಿಕೊಂಡವರು ಪಕ್ಷ ಬದಲಿಸಲು ಕೊನೆಯ ದಿನ ಯಾವುದು ಗೊತ್ತಾ? ಹಿಂದಿನ ವರ್ಷದ ಅಕ್ಟೋಬರ್ 9. ಆರು ತಿಂಗಳಿಗೂ ಜಾಸ್ತಿ ಮೊದಲು! ಆಗ ಯಾರು ಕಣದಲ್ಲಿ ಉಳಿಯುತ್ತಾರೆ ಅನ್ನೋದೇ ಗೊತ್ತಿರಲಿಲ್ಲ. ಟ್ರಂಪ್ ಮಕ್ಕಳಾದ ಇವಾಂಕಾ ಮತ್ತು ಎರಿಕ್ ಅವರಿಗೇ ಅಪ್ಪನಿಗೆ ವೋಟು ಹಾಕಲು ಆಗಲಿಲ್ಲ. ಡೆಮಾಕ್ರಟಿಕ್ ಪಕ್ಷದಲ್ಲಿ ಕ್ಲಿಂಟನ್ ಎದುರು ನಿಂತಿದ್ದ ಬರ್ನಿ ಸ್ಯಾಂಡರ್ಸ್ ಹಿಂದೆ ಬಂದಿದ್ದ, ಯಾವ ಪಕ್ಷಕ್ಕೂ ಸೇರದ ಹುಡುಗ ಹುಡುಗಿಯರೂ ಹೊರಗೇ ಉಳಿದರು. ಅದರ ಮೇಲೆ ಬ್ರೂಕ್ಲಿನ್‌ನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಹೆಸರು ಪಟ್ಟಿಯಿಂದಲೇ ಬಿಟ್ಟುಹೋಗಿತ್ತು.

ಅಯೋವಾದಲ್ಲಿ ಡೆಮಾಕ್ರಟಿಕ್ ಪಕ್ಷಕ್ಕೆ ಆಗ ಪ್ರೈಮರಿ ಇರಲಿಲ್ಲ, ಕಾಕಸ್ ಅನ್ನೋ ಸಭೆ ಇತ್ತು. ಚಳಿಗಾಲದ ರಾತ್ರಿ ಜನ ಶಾಲೆಯಲ್ಲೋ ಚರ್ಚಿನಲ್ಲೋ ಸೇರಿ, ತಮ್ಮ ಅಭ್ಯರ್ಥಿಯ ಗುಂಪಿನಲ್ಲಿ ಹೋಗಿ ನಿಲ್ಲಬೇಕಿತ್ತು, ತಲೆ ಎಣಿಸುತ್ತಿದ್ದರು. ಫೆಬ್ರವರಿ 1ರಂದು ಏಮ್ಸ್ ಊರಿನ ಒಂದು ಕೇಂದ್ರಕ್ಕೆ 484 ಜನ ಬಂದಿದ್ದರು ಅಂತ ಮೊದಲು ಲೆಕ್ಕ ಬರೆದರು. ಗುಂಪು ಎಣಿಸಿದರೆ ಕ್ಲಿಂಟನ್‌ಗೆ 240, ಸ್ಯಾಂಡರ್ಸ್‌ಗೆ 179, ಇನ್ನೊಬ್ಬ ಅಭ್ಯರ್ಥಿ ಓಮ್ಯಾಲಿಗೆ 5. ಕೂಡಿ ನೋಡಿ, 424. ಉಳಿದ 60 ಜನ ಎಲ್ಲಿ? ಸಿಗಲಿಲ್ಲ. ಒಂದು ಡೆಲಿಗೇಟ್ ಯಾರ ಪಾಲಿಗೆ ಅನ್ನೋದು ಬಗೆಹರಿಯಲಿಲ್ಲ. ಪಕ್ಷದ ಸಹಾಯವಾಣಿಗೆ ಫೋನ್ ಮಾಡಿದರು. ನಾಣ್ಯ ಚಿಮ್ಮಿಸಿ ಅಂದರು. ಚಿಮ್ಮಿಸಿದರು, ಅದು ಕ್ಲಿಂಟನ್ ಕಡೆ ಬಿತ್ತು. ಅದು ಕೌಂಟಿ ಮಟ್ಟದ ಡೆಲಿಗೇಟ್ ಅಷ್ಟೇ, ಒಟ್ಟು ಫಲಿತಾಂಶವನ್ನು ಅದೊಂದೇ ತಿರುಗಿಸಲಿಲ್ಲ. ಆದರೆ ರಾಜ್ಯದ ಲೆಕ್ಕ 49.8ಕ್ಕೆ 49.6 ಅಂತ ಬಂದಾಗ, ಆ ಕೋಣೆಯಲ್ಲಿ ನಿಂತಿದ್ದವರಿಗೆ ಹೇಗನ್ನಿಸಿರಬೇಕು ಹೇಳಿ.

ಇನ್ನು ಡೆಮಾಕ್ರಟಿಕ್ ಪಕ್ಷದ ಸೂಪರ್ ಡೆಲಿಗೇಟುಗಳು. ಸಂಸದರು, ಗವರ್ನರುಗಳು, ಪಕ್ಷದ ಪದಾಧಿಕಾರಿಗಳು. ಜನ ಹಾಕಿದ ವೋಟಿಗೆ ಇವರು ಬದ್ಧರಲ್ಲ. ಒಂದು ವೋಟೂ ಬೀಳುವ ಮೊದಲು, 2015ರ ನವೆಂಬರಿನಲ್ಲೇ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ಇವರನ್ನು ಕೇಳಿ ನೋಡಿದಾಗ ಕ್ಲಿಂಟನ್ ಕಡೆ 359 ಜನ, ಸ್ಯಾಂಡರ್ಸ್ ಕಡೆ 8. ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಸ್ಯಾಂಡರ್ಸ್ ನೂರಕ್ಕೆ 60 ವೋಟು ಪಡೆದು ಭರ್ಜರಿಯಾಗಿ ಗೆದ್ದರು. ಡೆಲಿಗೇಟು 15ಕ್ಕೆ 9. ಅದಕ್ಕೆ ಕ್ಲಿಂಟನ್ ಕಡೆ ಇದ್ದ ಆ ರಾಜ್ಯದ 6 ಸೂಪರ್ ಡೆಲಿಗೇಟುಗಳನ್ನು ಕೂಡಿಸಿದ್ದೇ ತಡ, 15ಕ್ಕೆ 15! ಜೂನ್ 7ಕ್ಕೆ ಕ್ಯಾಲಿಫೋರ್ನಿಯಾದಲ್ಲಿ ಮತದಾನ, ಹಿಂದಿನ ರಾತ್ರಿಯೇ ಇವರನ್ನೂ ಲೆಕ್ಕಕ್ಕೆ ಹಿಡಿದು ಕ್ಲಿಂಟನ್ ಗೆದ್ದಾಯಿತು ಅಂತ ಸುದ್ದಿ ಮಾಡಿದರು. ಮರುದಿನ ವೋಟು ಹಾಕಲು ಹೊರಟವನಿಗೆ ಅದು ಊಟ ಮುಗಿದ ಮೇಲೆ ಎಲೆ ಹಾಕಿದ ಹಾಗೆ.

ಇಲ್ಲಿ ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ಕ್ಲಿಂಟನ್‌ಗೆ ಬಿದ್ದದ್ದು ಸುಮಾರು 1 ಕೋಟಿ 69 ಲಕ್ಷ ವೋಟು, ಸ್ಯಾಂಡರ್ಸ್‌ಗೆ 1 ಕೋಟಿ 32 ಲಕ್ಷ. ಸೂಪರ್ ಡೆಲಿಗೇಟುಗಳೇ ಇಲ್ಲದಿದ್ದರೂ ಕ್ಲಿಂಟನ್ ಅವರೇ ಗೆಲ್ಲುತ್ತಿದ್ದರು. ಅದಕ್ಕೇ ನನಗೆ ಇದು ಜಾಸ್ತಿ ಬೇಸರ ತರುವ ವಿಷಯ. ನ್ಯಾಯವಾಗಿ ಗೆಲ್ಲಬಹುದಾಗಿದ್ದ ಗೆಲುವಿನ ಮೇಲೂ ಅನುಮಾನದ ಮಸಿ ಬಿತ್ತು. ಜುಲೈನಲ್ಲಿ, ಮಹಾಸಭೆಗೆ ಮೂರು ದಿನ ಮೊದಲು, ಪಕ್ಷದ ಕಚೇರಿಯ ಇಮೇಲುಗಳು ಗುಟ್ಟುಗಳನ್ನು ಬಯಲಿಗೆಳೆಯುವ ಜಾಲತಾಣ ವಿಕಿಲೀಕ್ಸ್‌ನಲ್ಲಿ ಬಂದವು. ಅಲ್ಲಿನವರು ಸ್ಯಾಂಡರ್ಸ್ ಬಗ್ಗೆ ಹಗುರವಾಗಿ ಬರೆದುಕೊಂಡಿದ್ದು ಹೊರಬಿತ್ತು. ಪಕ್ಷದ ಅಧ್ಯಕ್ಷೆ ಡೆಬ್ಬಿ ವಾಸರ್‌ಮನ್ ಶುಲ್ಟ್ಸ್ ರಾಜೀನಾಮೆ ಕೊಡಬೇಕಾಯಿತು. ಫಿಲಡೆಲ್ಫಿಯಾದ ಸಭೆಯಲ್ಲಿ ಸ್ಯಾಂಡರ್ಸ್ ತಾವೇ ಎದ್ದು ಕ್ಲಿಂಟನ್ ಹೆಸರನ್ನು ಮುಂದಿಟ್ಟರೂ ಅವರ ಎಷ್ಟೋ ಡೆಲಿಗೇಟುಗಳು ಎದ್ದು ಹೊರನಡೆದರು.

ರಿಪಬ್ಲಿಕನ್ನರ ಕಥೆ ಬೇರೆ. ಅಲ್ಲಿ 17 ಜನ ಕಣದಲ್ಲಿದ್ದರು. ಇಬ್ಬರ ಜಗಳ ಮೂರನೆಯವನಿಗೆ ಲಾಭ ಅಂತಾರಲ್ಲ, ಹಾಗೆ. ಸೌತ್ ಕೆರೊಲಿನಾದಲ್ಲಿ ಟ್ರಂಪ್‌ಗೆ ಬಂದದ್ದು ನೂರಕ್ಕೆ 32 ಚಿಲ್ಲರೆ ವೋಟು, ಸಿಕ್ಕಿದ್ದು ಅಲ್ಲಿನ 50ಕ್ಕೆ 50 ಡೆಲಿಗೇಟು. (ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಠಾಣೇದಾರ್ 2022ರಲ್ಲಿ ಡೆಟ್ರಾಯಿಟ್ ಕಡೆಯಿಂದ ಸಂಸತ್ತಿಗೆ ಹೋದರಲ್ಲ, ಅವರೂ ತಮ್ಮ ಡೆಮಾಕ್ರಟಿಕ್ ಪ್ರೈಮರಿ ಗೆದ್ದದ್ದು ನೂರಕ್ಕೆ ಸುಮಾರು 28 ವೋಟಿನಲ್ಲಿ.) ಅದೇ ಟ್ರಂಪ್, ಕೊಲೊರಾಡೊದಲ್ಲಿ ಜನರ ವೋಟೇ ಇಲ್ಲದೆ ಪಕ್ಷದ ಸಭೆಗಳಲ್ಲಿ ಅವರ ಎದುರಾಳಿ ಟೆಡ್ ಕ್ರೂಜ್ 34 ಡೆಲಿಗೇಟುಗಳನ್ನು ಬಾಚಿಕೊಂಡಾಗ, ಇದು ಮೋಸ ಅಂತ ಕೂಗಾಡಿದರು. ಕ್ಲೀವ್‌ಲ್ಯಾಂಡಿನ ಮಹಾಸಭೆಯಲ್ಲಿ ಕ್ರೂಜ್ ಟ್ರಂಪ್ ಅವರಿಗೆ ಬೆಂಬಲ ಘೋಷಿಸದೆ ಮನಸ್ಸಾಕ್ಷಿಯಂತೆ ವೋಟು ಹಾಕಿ ಅಂದರು, ಸಭೆ ಅವರ ವಿರುದ್ಧ ಕೂಗಾಡಿತು. ಆ ಊರಿರುವ ಓಹಾಯೋ ರಾಜ್ಯದ ಗವರ್ನರ್ ಜಾನ್ ಕೇಸಿಕ್, ಅವರದೇ ಪಕ್ಷದವರು, ಸಭಾಂಗಣದ ಒಳಗೆ ಕಾಲಿಡಲೇ ಇಲ್ಲ.

ಈ ನಿಯಮಗಳೆಲ್ಲ ಎಲ್ಲಿಂದ ಬಂದವು? 1968ರಲ್ಲಿ ಹ್ಯೂಬರ್ಟ್ ಹಂಫ್ರಿ ಒಂದೂ ಪ್ರೈಮರಿಗೆ ನಿಲ್ಲದೆ ಡೆಮಾಕ್ರಟಿಕ್ ಅಭ್ಯರ್ಥಿಯಾದರು. ಶಿಕಾಗೋದಲ್ಲಿ ಒಳಗೆ ಸಭೆ, ಹೊರಗೆ ವಿಯೆಟ್ನಾಂ ಯುದ್ಧ ಬೇಡ ಅಂದ ಹುಡುಗರಿಗೆ ಪೊಲೀಸರ ಲಾಠಿ ಏಟು. ಆ ಸಿಟ್ಟು ತಣಿಸಲು ಜನರ ಕೈಗೆ ಪ್ರೈಮರಿ ಕೊಟ್ಟರು. 1972ರಲ್ಲಿ ಜನ ಆರಿಸಿದ ಮ್ಯಾಕ್‌ಗವರ್ನ್ 49 ರಾಜ್ಯಗಳಲ್ಲಿ ಸೋತರು. ಪಕ್ಷದ ಹಿರಿಯರಿಗೆ ಭಯವಾಯಿತು, 1984ರ ಹೊತ್ತಿಗೆ ಸೂಪರ್ ಡೆಲಿಗೇಟುಗಳು ಬಂದರು. 2016ರ ಸಿಟ್ಟಿನ ಮೇಲೆ, 2018ರಲ್ಲಿ, ಮಹಾಸಭೆಯ ಮೊದಲ ಸುತ್ತಿನಲ್ಲಿ ಅವರ ವೋಟು ಹೆಚ್ಚುಕಡಿಮೆ ಕಿತ್ತುಕೊಂಡರು.

ಆದರೆ 2024 ಬಂತು. ಮಿಶಿಗನ್ ಪ್ರೈಮರಿಯಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ, ನೂರಕ್ಕೆ 13ರಷ್ಟು, ಬೈಡನ್ ಹೆಸರು ಬಿಟ್ಟು "ಯಾರಿಗೂ ಬದ್ಧರಲ್ಲ" ಅನ್ನುವ ಕಡೆ ವೋಟು ಹಾಕಿದರು. ಗಾಜಾದಲ್ಲಿ ಯುದ್ಧ ನಿಲ್ಲಬೇಕು ಅನ್ನೋದು ಅವರ ಬೇಡಿಕೆ. ಜುಲೈ 21ಕ್ಕೆ ಬೈಡನ್ ಹಿಂದೆ ಸರಿದರು, ಕಮಲಾ ಹ್ಯಾರಿಸ್ ಆ ವರ್ಷದ ಯಾವ ಪ್ರೈಮರಿಗೂ ನಿಲ್ಲದೆ ಅಭ್ಯರ್ಥಿಯಾದರು. ಮಹಾಸಭೆ ಮತ್ತೆ ಶಿಕಾಗೋದಲ್ಲೇ. ಒಬ್ಬ ಪ್ಯಾಲೆಸ್ಟೈನ್ ಮೂಲದವರಿಗೆ ವೇದಿಕೆಯಲ್ಲಿ ಕೆಲವು ನಿಮಿಷ ಕೊಡಿ ಅಂತ ಆ "ಯಾರಿಗೂ ಬದ್ಧರಲ್ಲ" ಕಡೆಯ ಡೆಲಿಗೇಟುಗಳು ಕೇಳಿದರು. ಆಗಲ್ಲ ಅಂದರು. ಅವರು ಸಭಾಂಗಣದ ಹೊರಗೆ ನೆಲದ ಮೇಲೆ ಕೂತರು, ರಾತ್ರಿ ಅಲ್ಲೇ ಕಳೆದರು, ಪಕ್ಷದಿಂದ ಫೋನ್ ಬರಬಹುದು ಅಂತ ಕಾದರು. ಸಭೆ ಮುಗಿಯಿತು, ವೇದಿಕೆ ಸಿಗಲಿಲ್ಲ. ಹ್ಯಾರಿಸ್ ಸೋಲಿಗೆ ಇದೊಂದೇ ಕಾರಣ ಅಂತ ನಾನು ಹೇಳುವುದಿಲ್ಲ. ಆದರೆ ಅರಬ್ ಅಮೆರಿಕನ್ನರು ಜಾಸ್ತಿ ಇರುವ, ನಾಲ್ಕು ವರ್ಷದ ಹಿಂದೆ ಬೈಡನ್ ಕೈಹಿಡಿದಿದ್ದ ಮಿಶಿಗನ್ನಿನ ಡಿಯರ್‌ಬಾರ್ನ್ ಊರಿನಲ್ಲಿ ಆ ನವೆಂಬರಿನ ಲೆಕ್ಕ ಹೀಗಿತ್ತು: ಟ್ರಂಪ್‌ಗೆ ನೂರಕ್ಕೆ 42, ಹ್ಯಾರಿಸ್‌ಗೆ 36, ಗ್ರೀನ್ ಪಕ್ಷದ ಜಿಲ್ ಸ್ಟೈನ್‌ಗೆ 18.