ಫಿಫ್ತ್ ವೀಲ್ ಟ್ರೇಲರ್: ಗಟ್ಟಿಯಾಗಿ ಕಟ್ಟುವವರು ಎಲ್ಲಿ ಹೋದರು?

ಶ್ರೋತೃಗಳಿಗೆ ನಮಸ್ಕಾರ.

ಚಳಿಗಾಲ ಹತ್ತಿರವಾದಂತೆ ಅಮೆರಿಕದ ಉತ್ತರದ ರಾಜ್ಯಗಳಿಂದ ಅರಿಜೋನಾ, ಟೆಕ್ಸಸ್, ಫ್ಲಾರಿಡಾಗಳ ಕಡೆಗೆ ಇಳಿಯುವ ಹೆದ್ದಾರಿಗಳಲ್ಲಿ, ಮನೆಯನ್ನೇ ಹಿಂದೆ ಕಟ್ಟಿಕೊಂಡು ಹೊರಟ ನಿವೃತ್ತ ದಂಪತಿಗಳು ಸಾಲುಸಾಲಾಗಿ ಕಾಣಸಿಗುತ್ತಾರೆ. ಹೀಗೆ ಸಾಗುವ ಮನೆಗಳಲ್ಲಿ ದೊಡ್ಡವು, ತಿಂಗಳುಗಟ್ಟಲೆ ವಾಸಕ್ಕೆ ಒದಗುವಂಥವು, ಬಹುಪಾಲು ಫಿಫ್ತ್ ವೀಲ್ ಎಂಬ ಬಗೆಯವು. ನಮ್ಮ ರಸ್ತೆಗಳಲ್ಲಿ ಓಡುವ ಕಂಟೇನರ್ ಲಾರಿಗಳನ್ನು ನೋಡಿದವರಿಗೆ ಇದರ ಜೋಡಣೆ ಹೊಸತಲ್ಲ. ಟ್ರೇಲರಿನ ಮುಂಭಾಗದ ಅಡಿಗಿರುವ ಕಿಂಗ್‌ಪಿನ್ ಎಂಬ ಉಕ್ಕಿನ ಗೂಟವು, ಪಿಕಪ್ ಟ್ರಕ್ಕಿನ ಹಿಂದಿನ ತೊಟ್ಟಿಯೊಳಗೆ, ಹೆಚ್ಚುಕಡಿಮೆ ಹಿಂದಿನ ಆಕ್ಸಲ್ಲಿನ ನೇರಕ್ಕೆ ಕೂರಿಸಿದ ತಟ್ಟೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಭಾರ ಟ್ರಕ್ಕಿನ ಬಾಲಕ್ಕೆ ನೇತುಬೀಳದೆ ಅದರ ಬೆನ್ನಿನ ಮೇಲೆ ಕೂರುವುದರಿಂದ, ಬಂಪರಿನ ಬಳಿ ಕೊಂಡಿ ಹಾಕಿ ಎಳೆಯುವ ಟ್ರೇಲರುಗಳಷ್ಟು ಇದು ಗಾಳಿಗೆ ಓಲಾಡುವುದಿಲ್ಲ. ವಿಮಾನ ತಯಾರಿಕೆಯಲ್ಲಿ ಹೆಸರು ಮಾಡಿದ ಗ್ಲೆನ್ ಕರ್ಟಿಸ್ 1920ರ ದಶಕದಲ್ಲೇ ಏರೋಕಾರ್ ಎಂಬ ಹೆಸರಿನಲ್ಲಿ ಇಂಥದೊಂದು ಟ್ರೇಲರನ್ನು ಕಟ್ಟಿದ್ದನು.

ಇಂದಿನ ಮಾತು ಈ ಟ್ರೇಲರುಗಳನ್ನು ಗಟ್ಟಿಯಾಗಿ, ಸಾವಧಾನವಾಗಿ ಕಟ್ಟುತ್ತಿದ್ದ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿಹೋದುದರ ಬಗ್ಗೆ ಮತ್ತು ಅಂಥ ಟ್ರೇಲರನ್ನು ಇಂದು ಬಯಸುವವರಿಗೆ ಉಳಿದಿರುವ ದಾರಿಗಳ ಬಗ್ಗೆ. ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನ ನೋಡಲು ವಾರದ ಮಟ್ಟಿಗೆ ಬಾಡಿಗೆ ವಾಹನ ಹಿಡಿಯುವ ಅಲ್ಲಿನ ನಮ್ಮ ಕನ್ನಡ ಕುಟುಂಬಗಳಿಗೆ ಈ ಚಿಂತೆ ಅಷ್ಟಾಗಿ ತಟ್ಟದು. ಮನೆ ಮಾರಿ ಟ್ರೇಲರಿನಲ್ಲೇ ಬಾಳಲು ಹೊರಟವರಿಗೆ ಮಾತ್ರ ಇದು ಜೀವಮಾನದ ಉಳಿತಾಯದ ಪ್ರಶ್ನೆ.

ಒಂದು ಕಾಲಕ್ಕೆ ಈ ಬಗೆಯ ಒಳ್ಳೆಯ ಕೆಲಸಕ್ಕೆ ಹೆಸರಾಗಿದ್ದುದು ಗೋಧಿ ಬೆಳೆಯುವ ಕ್ಯಾನ್ಸಾಸ್ ರಾಜ್ಯ. ಅಲ್ಲಿನ ಶನೂಟ್ ಎಂಬ ಸಣ್ಣ ಊರಿನಲ್ಲಿ ನುವಾ ಕಂಪನಿ ಹಿಚ್‌ಹೈಕರ್ ಟ್ರೇಲರನ್ನು ಕಟ್ಟುತ್ತಿತ್ತು. ಸ್ಮಿತ್ ಸೆಂಟರಿನಲ್ಲಿ ಪೀಟರ್ಸನ್ ಇಂಡಸ್ಟ್ರೀಸಿನವರು ಎಕ್ಸೆಲ್ ಎಂಬುದನ್ನೂ, ಜಂಕ್ಷನ್ ಸಿಟಿಯಲ್ಲಿ ನ್ಯೂ ಹೊರೈಜನ್ಸ್‌ನವರು ಗಿರಾಕಿಯ ನಕ್ಷೆಗೆ ತಕ್ಕಂತೆ ಒಂದೊಂದಾಗಿ ರೂಪಿಸುವ ಟ್ರೇಲರುಗಳನ್ನೂ ಕಟ್ಟಿದರು. ವಯೋಮಿಂಗಿನ ಕ್ಯಾಸ್ಪರಿನಲ್ಲಿ ಟೀಟನ್ ಹೋಮ್ಸ್ ಇತ್ತು, ವಾಷಿಂಗ್ಟನ್ ರಾಜ್ಯದ ಯಾಕಿಮಾದಲ್ಲಿ ಆಲ್ಪೆನ್‌ಲೈಟ್ ಇತ್ತು, ಇಂಡಿಯಾನಾದ ಮಿಲ್ಲರ್ಸ್‌ಬರ್ಗಿನಲ್ಲಿ ಕ್ಯಾರಿಯೇಜ್ ಕಂಪನಿಯಿತ್ತು. ಇವರು ಕಟ್ಟುತ್ತಿದ್ದ ಟ್ರೇಲರುಗಳು ತೂಕದವು, ಬೆಲೆಯಲ್ಲೂ ಮೇಲು. ಆದರೆ ಗೋಡೆ ದಪ್ಪ, ಬೀರುಗಳು ನಿಜವಾದ ಮರದವು, ಆಕ್ಸಲ್ಲು ಹೊರಬೇಕಾದ ಭಾರಕ್ಕಿಂತ ಒಂದು ಕೈ ಹೆಚ್ಚೇ ಗಟ್ಟಿ. ಏನಾದರೂ ಕೆಟ್ಟರೆ ಮಾಲೀಕರು ನೇರವಾಗಿ ಕಾರ್ಖಾನೆಗೇ ಓಡಿಸಿಕೊಂಡು ಹೋಗಿ, ಅದನ್ನು ಕಟ್ಟಿದವರ ಕೈಯಿಂದಲೇ ರಿಪೇರಿ ಮಾಡಿಸಿಕೊಂಡು ಬರುತ್ತಿದ್ದರು.

2008ರ ಹಣಕಾಸಿನ ಕುಸಿತ ಈ ಲೋಕವನ್ನು ಕೆಡವಿತು. ಕೊಳ್ಳುವವರ ಮನೆಯ ಬೆಲೆ ಇಳಿಯಿತು, ನಿವೃತ್ತಿಯ ನಿಧಿ ಕರಗಿತು. ಅದರ ಜೊತೆಗೆ, ಹೊರಗಿನವರ ಕಣ್ಣಿಗೆ ಅಷ್ಟಾಗಿ ಬೀಳದ ಇನ್ನೊಂದು ಹೊಡೆತವೂ ಬಿತ್ತು. ಡೀಲರುಗಳು ಅಂಗಳದಲ್ಲಿ ನಿಲ್ಲಿಸಿಕೊಳ್ಳುವ ಟ್ರೇಲರುಗಳಿಗೆ ಕೈಯಿಂದ ಹಣ ಹಾಕುವುದಿಲ್ಲ. ಅವರಿಗೆ ದಾಸ್ತಾನಿನ ಮೇಲೆ ಸಾಲ ಕೊಡುವ ಹಣಕಾಸು ಸಂಸ್ಥೆಗಳಿರುತ್ತವೆ. ಆ ಸಾಲ ಬತ್ತಿದೊಡನೆ ಡೀಲರು ಆರ್ಡರ್ ನಿಲ್ಲಿಸಿದನು, ವರ್ಷಕ್ಕೆ ಕೆಲವೇ ನೂರು ಟ್ರೇಲರು ಮಾರಿ ಬದುಕುತ್ತಿದ್ದ ಕಾರ್ಖಾನೆಗೆ ಉಸಿರು ಕಟ್ಟಿತು. ಉದ್ಯಮದ ಸಂಘದ ಲೆಕ್ಕದಂತೆ, ಎಲ್ಲ ಬಗೆಯ ವಿಹಾರ ವಾಹನಗಳೂ ಸೇರಿ 2008ರಲ್ಲಿ ಸುಮಾರು 2,37,000 ಕಾರ್ಖಾನೆಗಳಿಂದ ಹೊರಬಿದ್ದಿದ್ದರೆ, 2009ರಲ್ಲಿ ಆ ಸಂಖ್ಯೆ 1,66,000ದ ಆಸುಪಾಸಿಗೆ ಇಳಿಯಿತು. ಈ ಉದ್ಯಮದ ರಾಜಧಾನಿ ಎನಿಸಿದ ಇಂಡಿಯಾನಾದ ಎಲ್ಖಾರ್ಟ್ ಪ್ರದೇಶದಲ್ಲಿ ನಿರುದ್ಯೋಗ ನೂರಕ್ಕೆ ಇಪ್ಪತ್ತರ ಹತ್ತಿರ ಹೋಯಿತು. ಆಗತಾನೆ ಅಧಿಕಾರಕ್ಕೆ ಬಂದಿದ್ದ ಬರಾಕ್ ಒಬಾಮಾ 2009ರ ಫೆಬ್ರವರಿಯಲ್ಲಿ ಅಲ್ಲಿಗೇ ಹೋಗಿ ಜನರ ಅಹವಾಲು ಕೇಳಬೇಕಾಯಿತು. ಟೀಟನ್, ಆಲ್ಪೆನ್‌ಲೈಟ್ ಆ ಹೊಡೆತಕ್ಕೇ ಹೋದವು. ಕ್ಯಾರಿಯೇಜ್ 2011ರಲ್ಲಿ ಬಾಗಿಲು ಹಾಕಿತು, ಹಿಚ್‌ಹೈಕರ್ ಮತ್ತು ಎಕ್ಸೆಲ್ ಕೆಲವು ವರ್ಷ ಏದುಸಿರು ಬಿಡುತ್ತ ನಡೆದು ಅದೇ ದಶಕದಲ್ಲಿ ನಿಂತುಹೋದವು. ಒಳ್ಳೆಯ ಫಿಫ್ತ್ ವೀಲುಗಳನ್ನು ಕಟ್ಟುತ್ತಿದ್ದ ನ್ಯೂಮಾರ್ ಕಂಪನಿ ಆ ಕೆಲಸವನ್ನು ಕೈಬಿಟ್ಟು, ತಮ್ಮದೇ ಇಂಜಿನ್ನಿನಿಂದ ಓಡುವ ಮೋಟಾರ್‌ಹೋಮುಗಳನ್ನಷ್ಟೇ ಉಳಿಸಿಕೊಂಡಿತು.

ಉಳಿದವರಲ್ಲಿ ಬಹುಮಂದಿ ಮೂರು ದೊಡ್ಡ ಕಂಪನಿಗಳ ಸೊತ್ತಾದರು. 1980ರಲ್ಲಿ ಏರ್‌ಸ್ಟ್ರೀಮ್ ಎಂಬ ಟ್ರೇಲರ್ ಕಂಪನಿಯನ್ನು ಕೊಂಡು ಆರಂಭವಾದ ಥಾರ್ ಇಂಡಸ್ಟ್ರೀಸ್ 2001ರಲ್ಲಿ ಕೀಸ್ಟೋನನ್ನೂ, 2010ರಲ್ಲಿ ಹಾರ್ಟ್‌ಲ್ಯಾಂಡನ್ನೂ, 2016ರಲ್ಲಿ 57.6 ಕೋಟಿ ಡಾಲರಿಗೆ ಜೇಕೋವನ್ನೂ ತೆಗೆದುಕೊಂಡಿತು. ಮೇಲ್ದರ್ಜೆಯ ಫಿಫ್ತ್ ವೀಲಿಗೆ ಕೊನೆಯ ಆಸರೆಗಳಲ್ಲಿ ಒಂದೆನಿಸಿದ್ದ, ಮೊಬೈಲ್ ಸ್ವೀಟ್ಸ್ ಎಂಬ ಟ್ರೇಲರನ್ನು ಕಟ್ಟುತ್ತಿದ್ದ ಡಿಆರ್‌ವಿ ಕಂಪನಿ ಕೂಡ 2015ರಲ್ಲಿ ಇದೇ ಮನೆ ಸೇರಿತು. ಫಾರೆಸ್ಟ್ ರಿವರ್ 2005ರಿಂದ ವಾರನ್ ಬಫೆಟ್‌ರ ಬರ್ಕ್‌ಷೈರ್ ಹ್ಯಾಥವೇಯದು. ವಿನ್ನೆಬೇಗೊ 2016ರಲ್ಲಿ ಗ್ರ್ಯಾಂಡ್ ಡಿಸೈನನ್ನೂ, 2019ರಲ್ಲಿ ನ್ಯೂಮಾರನ್ನೂ ಕೊಂಡಿತು. ಡೀಲರನ ಅಂಗಳದಲ್ಲಿ ಇಪ್ಪತ್ತು ಹೆಸರುಗಳಿದ್ದರೂ ಒಡೆಯರು ಮೂವರೇ ಎಂಬುದು ಎಷ್ಟೋ ಗಿರಾಕಿಗಳಿಗೆ ರುಜು ಹಾಕುವ ಹೊತ್ತಿಗೂ ಗೊತ್ತಿರುವುದಿಲ್ಲ.

ಒಡೆತನ ಒಂದಾದದ್ದೇ ಗುಣ ಕೆಡಲು ಕಾರಣ ಎಂದು ಹೇಳುವವರಿದ್ದಾರೆ. ನನಗೆ ಅದು ಅರ್ಧ ಸತ್ಯವಾಗಿ ಕಾಣುತ್ತದೆ. ಇನ್ನರ್ಧ ಇರುವುದು ಟ್ರೇಲರಿನ ಹೊಟ್ಟೆಯ ಕೆಳಗೆ. ಇಂದು ಮಾರುಕಟ್ಟೆಯಲ್ಲಿರುವ ಬಹುಪಾಲು ಟ್ರೇಲರುಗಳ ಉಕ್ಕಿನ ಚೌಕಟ್ಟು, ಅಂದರೆ ಫ್ರೇಮ್, ಎಲ್ಖಾರ್ಟಿನ ಲಿಪ್ಪರ್ಟ್ ಎಂಬ ಒಂದೇ ಸರಬರಾಜುದಾರ ಕಂಪನಿಯದು. ನಿಲ್ಲಿಸಿದಾಗ ಕೋಣೆಯನ್ನು ಪಕ್ಕಕ್ಕೆ ಚಾಚುವ ಸ್ಲೈಡ್‌ಔಟ್ ಯಂತ್ರ, ಮೆಟ್ಟಿಲು, ಕಿಟಕಿಗಳೂ ಅನೇಕ ವೇಳೆ ಅಲ್ಲಿಂದಲೇ ಬರುತ್ತವೆ; ಫ್ರಿಜ್ಜು, ಏಸಿಗಳೂ ಎಲ್ಲರಿಗೂ ಎರಡು ಮೂರು ಕಂಪನಿಗಳಿಂದಲೇ. ಹೀಗಿರುವಾಗ ಎರಡು ಬ್ರ್ಯಾಂಡುಗಳ ನಡುವೆ ಉಳಿಯುವ ವ್ಯತ್ಯಾಸವೆಂದರೆ ಫ್ರೇಮಿನ ಉಕ್ಕಿನ ಅಳತೆಯನ್ನು ಎಷ್ಟು ದಪ್ಪಕ್ಕೆ ಹೇಳಿ ಮಾಡಿಸಿದರು, ಬೆಸುಗೆಯನ್ನು ಯಾರಾದರೂ ಪರೀಕ್ಷಿಸಿದರೇ, ಜೋಡಿಸುವವನಿಗೆ ಸಾಕಷ್ಟು ಹೊತ್ತು ಕೊಟ್ಟರೇ ಎಂಬುದು ಮಾತ್ರ. ಎಲ್ಖಾರ್ಟಿನ ಕಾರ್ಖಾನೆಗಳಲ್ಲಿ ಕೂಲಿ ಸಾಮಾನ್ಯವಾಗಿ ಪೀಸ್ ರೇಟ್ ಲೆಕ್ಕದ್ದು. ದಿನಕ್ಕೆ ಇಷ್ಟು ಎಂದು ಗೊತ್ತುಮಾಡಿದ ಟ್ರೇಲರುಗಳನ್ನು ಮುಗಿಸಿದರೆ ಮನೆಗೆ ಹೋಗಬಹುದು. ನಸುಕಿನಲ್ಲೇ ಕೆಲಸ ಹಿಡಿದು ಮಧ್ಯಾಹ್ನದ ಹೊತ್ತಿಗೆ ಹೊರಬರುವುದು ಅಲ್ಲಿನ ರೂಢಿ. ಅಲ್ಲಿ ದುಡಿಯುವವರಲ್ಲಿ ಮರಗೆಲಸದಲ್ಲಿ ಪಳಗಿದ ಆಮಿಷ್ ಎಂಬ ಕ್ರೈಸ್ತ ಪಂಗಡದವರು ಬಹಳ ಮಂದಿಯಿದ್ದಾರೆ, ಕೈಯಲ್ಲಿ ಕಸುಬಿಲ್ಲವೆಂದು ಅವರನ್ನು ದೂರಲು ಬಾರದು. ಆದರೆ ಚಾವಣಿಯ ಅಂಚಿಗೆ ನೀರು ತಡೆಯುವ ಸೀಲೆಂಟ್ ಅಂಟನ್ನು ಬಳಿಯುವವನ ಕೂಲಿ ವೇಗಕ್ಕೆ ಗಂಟುಬಿದ್ದಾಗ, ಬೆರಳಗಲದ ಒಂದು ಸಂದು ಬಿಟ್ಟುಹೋಗುತ್ತದೆ; ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಗೋಡೆಯೊಳಗಿನ ತೆಳು ಪ್ಲೈವುಡ್ ನೀರು ಕುಡಿದು, ಹೊರಗಿನ ಫೈಬರ್ ಹಾಳೆ ಗುಳ್ಳೆಯೆದ್ದು ಬಿಟ್ಟುಕೊಳ್ಳುತ್ತದೆ. ಗೋಡೆ ಹೀಗೆ ಬಿಟ್ಟುಕೊಂಡ ಟ್ರೇಲರನ್ನು ಸರಿಪಡಿಸುವ ಖರ್ಚಿನಲ್ಲಿ ಇನ್ನೊಂದನ್ನು ಕೊಳ್ಳಬಹುದು.

ಕೊಳ್ಳುವವರದೂ ಇದರಲ್ಲಿ ಪಾಲಿದೆ ಎಂದರೆ ಕೆಲವರಿಗೆ ಬೇಸರವಾದೀತು. ಡೀಲರನ ಅಂಗಳದಲ್ಲಿ ಜನ ಮಾರುಹೋಗುವುದು ಅಡುಗೆಮನೆಯ ನಡುವಿನ ಕಟ್ಟೆಗೆ, ವಿದ್ಯುತ್ತಿನ ಅಗ್ಗಿಷ್ಟಿಕೆಗೆ, ದೊಡ್ಡ ಟಿವಿಗೆ. ಮಂಡಿಯೂರಿ ಕೆಳಗೆ ಬಗ್ಗಿ ಆಕ್ಸಲ್ಲಿನ ಮೇಲಿನ ಚೀಟಿಯನ್ನು ಓದುವವರು ಅಪರೂಪ. ಅಂಥ ಚೀಟಿಯೊಂದು ಹೇಳುವ ಕತೆಯನ್ನು ಸ್ವಲ್ಪ ನೋಡೋಣ. ಒಂದು ಟ್ರೇಲರಿನ ಒಟ್ಟು ತೂಕದ ಮಿತಿ 16,800 ಪೌಂಡು, ಅದರ ಅಡಿಯ ಎರಡು ಆಕ್ಸಲ್ಲುಗಳು ತಲಾ 7,000 ಪೌಂಡಿನವು ಎಂದಿಟ್ಟುಕೊಳ್ಳಿ. ಆಕ್ಸಲ್ಲು ಹೊರಬಲ್ಲದ್ದು 14,000 ಆಯಿತು, ಮಿಕ್ಕ 2,800 ಪೌಂಡನ್ನು ಟ್ರಕ್ಕು ಹೊರುತ್ತದೆಂದು ಲೆಕ್ಕ ಹಾಕಿ ಮಿತಿಯನ್ನು ಬರೆಯಲಾಗಿದೆ. ಕಾಗದದ ಮೇಲೆ ಇದು ಸರಿಯೇ. ಆದರೆ ಟ್ರೇಲರು ತುಂಬಿದ ದಿನದಿಂದಲೇ ಆಕ್ಸಲ್ಲು, ಲೀಫ್ ಸ್ಪ್ರಿಂಗು, ಟೈರುಗಳೆಲ್ಲ ತಮ್ಮ ಕೊನೆಯ ಮಿತಿಯ ಹತ್ತಿರವೇ ಓಡುತ್ತಿರುತ್ತವೆ. ಹಳೆಯ ಗಟ್ಟಿ ಕಾರ್ಖಾನೆಗಳವರು ಇಂಥ ಕಡೆ 8,000 ಪೌಂಡಿನ ಆಕ್ಸಲ್ಲು ಹಾಕಿ, ಟೈರನ್ನೂ ಒಂದು ದರ್ಜೆ ಮೇಲಿನದ್ದನ್ನು ಕೊಡುತ್ತಿದ್ದರು. ಅದಕ್ಕೆ ತಗಲುವ ಹೆಚ್ಚುವರಿ ಹಣ ಅಗ್ಗಿಷ್ಟಿಕೆಯಂತೆ ಕಣ್ಣಿಗೆ ಕಾಣುವುದಿಲ್ಲ, ಹಾಗಾಗಿ ಮಾರಾಟಗಾರನಿಗೆ ಅದರಿಂದ ಲಾಭವಿಲ್ಲ.

ಕೋವಿಡ್ ಕಾಲ ಈ ರೋಗವನ್ನು ಉಲ್ಬಣಗೊಳಿಸಿತು. ಹೋಟೆಲು, ವಿಮಾನಗಳಿಗೆ ಹೆದರಿದ ಜನ ಟ್ರೇಲರಿಗೆ ಮುಗಿಬಿದ್ದರು. 2021ರಲ್ಲಿ 6,00,000ಕ್ಕೂ ಮಿಕ್ಕು ವಿಹಾರ ವಾಹನಗಳು ಕಾರ್ಖಾನೆಗಳಿಂದ ಹೊರಬಂದು ದಾಖಲೆಯಾಯಿತು. ಬಿಡಿಭಾಗಗಳ ಕೊರತೆ, ಹೊಸ ಕೆಲಸಗಾರರು, ಡೀಲರುಗಳ ಒತ್ತಾಯ ಎಲ್ಲವೂ ಕೂಡಿ ಆ ಎರಡು ವರ್ಷಗಳ ಸರಕಿನ ಬಗ್ಗೆ ದೂರುಗಳು ಹೆಚ್ಚಾದವು. ಮುಂದೆ ಬಡ್ಡಿ ಏರಿತು, 2023ರಲ್ಲಿ ಉತ್ಪಾದನೆ 3,13,000ದ ಹತ್ತಿರಕ್ಕೆ ಕುಸಿಯಿತು. ಹದಿನೈದು, ಇಪ್ಪತ್ತು ವರ್ಷದ ಕಂತಿನ ಮೇಲೆ ಏರುಕಾಲದಲ್ಲಿ ಕೊಂಡವರಿಗೆ ಇಂದು ಮಾರಲು ಹೋದರೆ ಸಾಲದ ಬಾಕಿಯಷ್ಟೂ ಬೆಲೆ ಹುಟ್ಟುವುದಿಲ್ಲ.

ಹಾಗಾದರೆ ಕೊಳ್ಳುವವರು ಏನು ಮಾಡಬೇಕು? ಮೊದಲ ದಾರಿ, ಹೊಸದಾಗಿ ಹುಟ್ಟಿದ ಸ್ವತಂತ್ರ ಕಂಪನಿಗಳದು. 2019ರಲ್ಲಿ ಎಲ್ಖಾರ್ಟಿನಲ್ಲಿ ಅಲಯನ್ಸ್, 2022ರಲ್ಲಿ ಗೋಶನ್ನಿನಲ್ಲಿ ಬ್ರಿಂಕ್ಲಿ ತಲೆಯೆತ್ತಿದವು. ಗಿರಾಕಿಗಳ ಮಾತು ಕೇಳುತ್ತೇವೆ, ಗಟ್ಟಿ ಕಟ್ಟುತ್ತೇವೆ ಎಂಬುದೇ ಇವುಗಳ ಘೋಷಣೆ. ಇದನ್ನು ಸುಳ್ಳೆನ್ನಲು ಕಾರಣವಿಲ್ಲ. ಆದರೂ ಒಂದು ಚರಿತ್ರೆಯನ್ನು ನೆನಪಿಡುವುದು ಒಳ್ಳೆಯದು. ಕೀಸ್ಟೋನ್ ಹುಟ್ಟಿದ್ದು 1996ರಲ್ಲಿ, ಐದೇ ವರ್ಷದಲ್ಲಿ ಥಾರಿಗೆ ಮಾರಾಟವಾಯಿತು. ಅಲ್ಲಿಂದ ಹೊರಬಂದ ಫೆನೆಕ್ ಸಹೋದರರು ಡಾನ್ ಕ್ಲಾರ್ಕ್ ಜೊತೆಗೂಡಿ 2012ರಲ್ಲಿ ಗ್ರ್ಯಾಂಡ್ ಡಿಸೈನ್ ಕಟ್ಟಿದರು, ನಾಲ್ಕು ವರ್ಷಕ್ಕೆ ಅದು ವಿನ್ನೆಬೇಗೊ ಪಾಲಾಯಿತು. ಬ್ರಿಂಕ್ಲಿಯ ಹಿಂದಿರುವವರೂ ಬಹುಮಟ್ಟಿಗೆ ಅದೇ ಬಳಗ. ಹೊಸ ಕಂಪನಿಯ ಮೊದಲ ವರ್ಷಗಳ ಟ್ರೇಲರು ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ, ಏಕೆಂದರೆ ಹೆಸರು ಕಟ್ಟಬೇಕಿರುತ್ತದೆ; ವಾರಂಟಿ ಮುಗಿಯುವ ಹೊತ್ತಿಗೆ ಒಡೆಯನಾರು ಎಂಬುದು ಬೇರೆ ಪ್ರಶ್ನೆ.

ಎರಡನೆಯ ದಾರಿ ಎಲ್ಖಾರ್ಟಿನಿಂದ ದೂರ ಇರುವವರದು. ಆರೆಗನ್ ರಾಜ್ಯದ ಲಾ ಗ್ರ್ಯಾಂಡಿನಲ್ಲಿ 1993ರಲ್ಲಿ ರಾನ್ ನ್ಯಾಶ್ ಆರಂಭಿಸಿದ ನಾರ್ತ್‌ವುಡ್ ಕಂಪನಿ ಆರ್ಕ್ಟಿಕ್ ಫಾಕ್ಸ್ ಎಂಬ ಫಿಫ್ತ್ ವೀಲನ್ನು ಕಟ್ಟುತ್ತದೆ. ಅದರ ವಿಶೇಷ ಫ್ರೇಮಿನಲ್ಲಿದೆ: ಹೊರಗಿನಿಂದ ತರಿಸದೆ ತಾವೇ ಬೆಸುಗೆ ಹಾಕಿ ಮಾಡುತ್ತಾರೆ. ಸಣ್ಣದೇ ಸಾಕು ಎನ್ನುವವರಿಗೆ ಮಿನ್ನೆಸೋಟಾದ ಸ್ಕ್ಯಾಂಪ್, ಕೆನಡಾದ ಎಸ್ಕೇಪ್ ಕಂಪನಿಗಳು ಅಚ್ಚಿನಲ್ಲಿ ಎರಕ ಹೊಯ್ದ ಫೈಬರ್‌ಗ್ಲಾಸ್ ಮೈಯ ಪುಟ್ಟ ಫಿಫ್ತ್ ವೀಲುಗಳಿಗೆ ಹೆಸರಾಗಿವೆ. ಮೈಯಲ್ಲಿ ಕೂಡುಗೆರೆಗಳೇ ಕಡಿಮೆಯಾದ್ದರಿಂದ ಸೋರುವ ಜಾಗಗಳೂ ಕಡಿಮೆ.

ಮೂರನೆಯದು ಹಳೆಯದನ್ನು ಕೊಳ್ಳುವುದು. ನನ್ನ ಒಲವು ಇದರ ಕಡೆಗೇ. ಒಳ್ಳೆಯ ಶೆಡ್ಡಿನಡಿ ನಿಲ್ಲಿಸಿ ಕಾಪಾಡಿದ ಹಳೆಯ ಹಿಚ್‌ಹೈಕರ್, ಎಕ್ಸೆಲ್ ಅಥವಾ ಥಾರಿಗೆ ಮಾರಾಟವಾಗುವ ಮುನ್ನಿನ ಮೊಬೈಲ್ ಸ್ವೀಟ್ಸ್ ಸಿಕ್ಕರೆ, ಹೊಸದರ ಬೆಲೆಯ ಒಂದು ಭಾಗಕ್ಕೆ ಅದನ್ನು ಕೊಂಡು, ಉಳಿದ ಹಣದಲ್ಲಿ ಚಾವಣಿಯ ಹೊದಿಕೆ, ಡಿಸ್ಕ್ ಬ್ರೇಕು, ಹೊಸ ಟೈರು, ಬೇಕಾದರೆ ಮೋರೈಡ್ ಕಂಪನಿಯ ಸ್ವತಂತ್ರ ಸಸ್ಪೆನ್ಷನ್ನನ್ನೂ ಹಾಕಿಸಬಹುದು. ಕಾರ್ಖಾನೆ ಮುಚ್ಚಿದೆಯಲ್ಲ, ಬಿಡಿಭಾಗಕ್ಕೇನು ಗತಿ ಎಂಬ ಭಯ ದೊಡ್ಡದಲ್ಲ; ಫ್ರಿಜ್ಜು, ಹೀಟರು, ಆಕ್ಸಲ್ಲು ಹೊರಗಿನ ಕಂಪನಿಗಳವೇ ಆದ್ದರಿಂದ ಇಂದಿಗೂ ಸಿಗುತ್ತವೆ. ತೊಂದರೆಯಿರುವುದು ಕೆಲವು ಶಿಬಿರತಾಣಗಳಲ್ಲಿ: ಹತ್ತು ವರ್ಷಕ್ಕಿಂತ ಹಳೆಯ ವಾಹನವನ್ನು ಅವು ಒಳಗೆ ಬಿಡುವುದಿಲ್ಲ. ಹಳೆಯದಕ್ಕೆ ಸಾಲ ಹುಟ್ಟುವುದೂ ಕಷ್ಟ.

ಯಾವ ದಾರಿ ಹಿಡಿದರೂ ಕಾಗದಪತ್ರವನ್ನು ಓದುವ ತಾಳ್ಮೆ ಬೇಕು. ಬಾಗಿಲ ಬಳಿ ಅಂಟಿಸಿದ ಉದ್ಯಮ ಸಂಘದ ಮುದ್ರೆಯು ವಿದ್ಯುತ್ತು, ಅನಿಲ, ನೀರಿನ ಕೊಳವೆ ಮತ್ತು ಬೆಂಕಿಯ ಸುರಕ್ಷತೆಯ ನಿಯಮಗಳಿಗೆ ಸಂಬಂಧಿಸಿದ್ದು. ಕೆಲಸದ ಅಚ್ಚುಕಟ್ಟಿಗೆ ಅದು ಜಾಮೀನಲ್ಲ. ದೋಷಪೂರಿತ ವಾಹನಗಳನ್ನು ಹಿಂದಿರುಗಿಸಲು ಅವಕಾಶ ಕೊಡುವ ಕಾನೂನುಗಳು ಅನೇಕ ರಾಜ್ಯಗಳಲ್ಲಿ ಮೋಟಾರು ಇರುವ ವಾಹನಗಳಿಗೆ ಮಾತ್ರ, ಎಳೆಯುವ ಟ್ರೇಲರಿಗೆ ಅವು ಅನ್ವಯಿಸುವುದಿಲ್ಲ. ಪೂರ್ಣಾವಧಿ ವಾಸಕ್ಕೆ ಬಳಸಿದರೆ ವಾರಂಟಿ ರದ್ದು ಎಂಬ ಸಾಲು ಎಷ್ಟೋ ಕೈಪಿಡಿಗಳ ಒಳಪುಟದಲ್ಲಿದೆ, ಅದೇ ಟ್ರೇಲರನ್ನು ಮನೆಯೆಂದು ಬಣ್ಣಿಸುವ ಜಾಹೀರಾತು ಮೇಲಿನ ರಟ್ಟಿನಲ್ಲಿದ್ದರೂ. ಹಣ ಕೊಡುವ ಮುನ್ನ ಡೀಲರನಿಗೆ ಸಂಬಂಧಿಸದ ಪರೀಕ್ಷಕನೊಬ್ಬನಿಂದ ತಪಾಸಣೆ ಮಾಡಿಸುವುದು ಜಾಣತನ. ಈ ಕಸುಬಿಗೆಂದೇ ತರಬೇತಾದ ಪರೀಕ್ಷಕರ ರಾಷ್ಟ್ರೀಯ ಸಂಘವೊಂದು ಅಲ್ಲಿದೆ.

ಕೊನೆಯದಾಗಿ ಟ್ರಕ್ಕಿನ ಮಾತು. ಗಟ್ಟಿ ಟ್ರೇಲರು ಎಂದರೆ ಭಾರದ ಟ್ರೇಲರು, ಅದರ ತೂಕದಲ್ಲಿ ನೂರಕ್ಕೆ ಇಪ್ಪತ್ತರಿಂದ ಇಪ್ಪತ್ತೈದು ಪಾಲು ಕಿಂಗ್‌ಪಿನ್ನಿನ ಮೂಲಕ ಟ್ರಕ್ಕಿನ ಮೇಲೆ ಬೀಳುತ್ತದೆ. 16,000 ಪೌಂಡಿಗೆ ಅದು 3,200ರಿಂದ 4,000 ಪೌಂಡು, ಅಂದರೆ ಸುಮಾರು 1,450ರಿಂದ 1,800 ಕಿಲೋ. ಹಿಂದೆ ಒಂಟಿ ಚಕ್ರಗಳಿರುವ ಅನೇಕ ಟ್ರಕ್ಕುಗಳು ಇಷ್ಟಕ್ಕೇ ತಮ್ಮ ಮಿತಿ ಮುಟ್ಟುತ್ತವೆ, ಗಂಡಹೆಂಡಿರು ಇನ್ನೂ ಹತ್ತಿ ಕೂತಿರುವುದಿಲ್ಲ. ಡೀಲರು ಹೇಳುವುದು ಎಳೆಯುವ ಶಕ್ತಿಯ ಲೆಕ್ಕವನ್ನು, ನಮಗೆ ಬೇಕಾದದ್ದು ಹೊರುವ ಶಕ್ತಿಯದು. ಆದ್ದರಿಂದ ಟ್ರೇಲರು ನೋಡಲು ಹೊರಡುವ ಮುನ್ನವೇ, ಇಂಧನ ತುಂಬಿಸಿದ ಟ್ರಕ್ಕನ್ನು ಮನೆಯವರೊಡನೆ ಹೆದ್ದಾರಿ ಬದಿಯ ವೇಬ್ರಿಡ್ಜಿನ ಮೇಲೆ ನಿಲ್ಲಿಸಿ ತೂಗಿಸಿ, ಚಾಲಕನ ಬಾಗಿಲ ಚೌಕಟ್ಟಿನ ಚೀಟಿಯಲ್ಲಿರುವ ಒಟ್ಟು ಮಿತಿಯಿಂದ ಅದನ್ನು ಕಳೆದು, ಉಳಿದ ಅಂಕಿಯನ್ನು ಬರೆದು ಜೇಬಿನಲ್ಲಿಟ್ಟುಕೊಂಡು ಹೋಗಬೇಕು. ಆ ಅಂಕಿಗೆ ಒಗ್ಗದ ಟ್ರೇಲರಿನ ಒಳಗೆ ಕಾಲಿಡದಿರುವುದೇ ಲೇಸು.

ನಮಸ್ಕಾರ.