ಸೆಡೆಂಟರಿ ಅಂತಲೇ ಹಾಕಿ

ನಮಸ್ಕಾರ, ಹೇಗಿದ್ದೀರಿ ಎಲ್ಲರೂ? ಇವತ್ತು ಮುದ್ದೆ, ಸೊಪ್ಪಿನ ಸಾರಿನ ಕ್ಯಾಲೊರಿ ಲೆಕ್ಕ ಹೇಳೋಣ ಅಂತಿದ್ದೆ. ಬೆಳಿಗ್ಗೆ ಒಂದು ಕಾಮೆಂಟ್ ಓದಿದೆ. ಮುದ್ದೆ ಮುಂದಿನ ವಾರಕ್ಕೆ ಹೋಯಿತು.

"ಅಕ್ಕಾ, ವಾರಕ್ಕೆ ಐದು ದಿನ ಜಿಮ್‌ಗೆ ಹೋಗುತ್ತೇನೆ. ನೀವು ಆ್ಯಪ್‌ನಲ್ಲಿ ಸೆಡೆಂಟರಿ ಹಾಕಿ ಅಂತೀರಿ, ಅವಮಾನ ಆಗುತ್ತೆ. ನಾನು ಮಾಡರೇಟ್ ಹಾಕಿದ್ದೇನೆ. ಎರಡು ತಿಂಗಳಿಂದ ತೂಕ ಮಾತ್ರ ಇಳಿದಿಲ್ಲ."

ಕೊನೆಯ ಸಾಲು ಕೇಳಿಸಿಕೊಂಡಿರಾ? ಉತ್ತರ ಅಲ್ಲೇ ಇದೆ. ಹೊಸಬರಿಗೆ ಒಂದು ಮಾತು: ಕ್ಯಾಲೊರಿ ಲೆಕ್ಕದ ಆ್ಯಪ್ ನಿಮ್ಮ ದಿನದ ಓಡಾಟ ಎಷ್ಟು ಅಂತ ಕೇಳುತ್ತೆ. ಸೆಡೆಂಟರಿ ಅಂದರೆ ಹೆಚ್ಚು ಹೊತ್ತು ಕೂತೇ ಇರುವುದು, ಮಾಡರೇಟ್ ಅಂದರೆ ಮಧ್ಯಮ ಓಡಾಟ.

ಈ ತಂಗಿಯ ವಯಸ್ಸು 34, ಎತ್ತರ 160 ಸೆಂಟಿಮೀಟರ್, ತೂಕ 68 ಕೆ.ಜಿ., ಕೆಲಸ ಕಂಪ್ಯೂಟರ್ ಮುಂದೆ. ಎಷ್ಟೋ ಆ್ಯಪ್‌ಗಳು ಬಳಸುವುದು 1990ರ ಮಿಫ್ಲಿನ್-ಸೇಂಟ್ ಜಿಯೋರ್ ಸೂತ್ರ. ಅದರ ಪ್ರಕಾರ ಸುಮ್ನೆ ಮಲಗಿದ್ದರೂ ಇವರಿಗೆ ದಿನಕ್ಕೆ 1349 ಕ್ಯಾಲೊರಿ ಬೇಕು. ಸೆಡೆಂಟರಿ ಹಾಕಿದರೆ ಅದನ್ನು 1.2ರಿಂದ ಗುಣಿಸುತ್ತದೆ, 1619 ಆಯಿತು. ಮಾಡರೇಟ್ ಹಾಕಿದರೆ 1.55ರಿಂದ, 2091. ಇವರು ತೂಕ ಇಳಿಸೋಕೆ ಅದರಲ್ಲಿ 500 ಕಳೆದು 1591 ತಿನ್ನುತ್ತಿದ್ದಾರೆ. 1619ಕ್ಕೂ 1591ಕ್ಕೂ ಅಂತರ ಎಷ್ಟು? ಬರೀ 28 ಕ್ಯಾಲೊರಿ! ಒಂದು ಮಾರಿ ಬಿಸ್ಕತ್ತು!

"ಮತ್ತೆ ಜಿಮ್?" ಬನ್ನಿ, ಅದನ್ನೂ ಹಾಕೋಣ. ಮುಕ್ಕಾಲು ಗಂಟೆಗೆ 250 ಅಂತ ಧಾರಾಳವಾಗಿಯೇ ಹಿಡಿಯೋಣ. ಐದು ದಿನಕ್ಕೆ 1250. ಏಳು ದಿನಕ್ಕೆ ಹಂಚಿದರೆ ದಿನಕ್ಕೆ 180 ಕೂಡ ಬರಲ್ಲ. ಆ 180 ಎಲ್ಲಿ ಹೋಗುತ್ತೆ ಗೊತ್ತಾ? ಒಗ್ಗರಣೆಗೆ! ಒಂದು ದೊಡ್ಡ ಚಮಚ ಎಣ್ಣೆಗೆ ಸುಮಾರು 120 ಕ್ಯಾಲೊರಿ. ನಮ್ಮ ಮನೆಗಳಲ್ಲಿ ಎಣ್ಣೆಯನ್ನು ಯಾರು ಅಳೆದು ಹಾಕುತ್ತಾರೆ? ಬಾಟಲಿ ಬಗ್ಗಿಸಿದರೆ ನೇರ ಬಾಣಲೆಗೆ. ಅದಕ್ಕೇ ಹೇಳುವುದು, ಸೆಡೆಂಟರಿ ಹಾಕಿ.

ನಮ್ಮ ದೊಡ್ಡಮ್ಮ ಮಂಡ್ಯ ಕಡೆಯವರು. ನಾಟಿ ಸಮಯದಲ್ಲಿ ಬೆಳಿಗ್ಗೆಯೇ ಗದ್ದೆಗೆ ಇಳಿಯುತ್ತಾರೆ. ಕೆಸರಿನಲ್ಲಿ ಕಾಲು, ಎಡಗೈಯಲ್ಲಿ ಪೈರಿನ ಕಟ್ಟು. ಬಗ್ಗಿದ ಸೊಂಟ ಎತ್ತದೆ ಒಂದೊಂದೇ ಹೆಜ್ಜೆ ಹಿಂದಕ್ಕೆ. ಸಂಜೆ ಬಂದು ಮತ್ತೆ ದನಕರು, ಒಲೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಪಟ್ಟಿಯಲ್ಲಿ 55 ಕೆ.ಜಿ. ಹೆಂಗಸಿಗೆ ಕೂತು ಮಾಡುವ ಕೆಲಸವಾದರೆ 1660, ಮಧ್ಯಮ ಕೆಲಸಕ್ಕೆ 2130, ಭಾರಿ ಕೆಲಸಕ್ಕೆ 2720 ಅಂತ ಇದೆ. ಆ ದೊಡ್ಡ ಅಂಕಿಗಳು ದೊಡ್ಡಮ್ಮನಂಥವರಿಗೆ. ಬೆಳಿಗ್ಗೆ ಮುಕ್ಕಾಲು ಗಂಟೆ ಬೆವರು ಸುರಿಸಿ, ಆಮೇಲೆ ಹತ್ತು ಗಂಟೆ ಕುರ್ಚಿ ಬಿಡದವರಿಗಲ್ಲ. ಆ್ಯಪ್ ಕೇಳುತ್ತಿರುವುದು ನಿಮ್ಮ ಇಡೀ ದಿನವನ್ನು!

"ಜಿಮ್ಮಿನಲ್ಲಿ 600 ಕ್ಯಾಲೊರಿ ಸುಟ್ಟೆ ಅಂತ ನನ್ನ ವಾಚ್ ತೋರಿಸಿತು." ವಾಚ್ ತೋರಿಸುತ್ತೆ ಬಿಡಿ. 2017ರಲ್ಲಿ ಸ್ಟ್ಯಾನ್‌ಫರ್ಡ್‌ನವರು ಏಳು ಬಗೆಯ ವಾಚ್‌ಗಳನ್ನು ಪರೀಕ್ಷಿಸಿದರು. ಹೃದಯ ಬಡಿತವನ್ನು ಹೆಚ್ಚಿನವು ಚೆನ್ನಾಗಿಯೇ ಎಣಿಸಿದವು. ಕ್ಯಾಲೊರಿಯಲ್ಲಿ ಮಾತ್ರ ಎಲ್ಲಕ್ಕಿಂತ ಚೆನ್ನಾಗಿದ್ದದ್ದೂ ಸರಾಸರಿ ಶೇ. 27ರಷ್ಟು ತಪ್ಪಿತು! ಮೊದಲೇ ಮಾಡರೇಟ್ ಹಾಕಿ, ಮೇಲೆ ವಾಚಿನ 600 ಕೂಡಿಸಿದರೆ ಒಂದೇ ಬೆವರಿಗೆ ಎರಡು ಸಲ ಊಟ.

"ಕಡಿಮೆ ತಿಂದರೆ ಮೆಟಬಾಲಿಸಂ ನಿಂತುಹೋಗುತ್ತೆ." ಯಾರು ಹೇಳಿದ್ದು? ದೇಹ ಕ್ಯಾಲೊರಿ ಸುಡುವ ಆ ಕೆಲಸ ಸ್ವಲ್ಪ ನಿಧಾನ ಆಗಬಹುದು. ಅದು ನಿಲ್ಲುವುದು ಉಸಿರು ನಿಂತಾಗ.

ಹಾಗಂತ ಉಪವಾಸ ಬೀಳಬೇಡಿ. ಸೆಡೆಂಟರಿ ಹಾಕಿ ಅದರಲ್ಲೂ 500 ಕಳೆದರೆ ಈ ತಂಗಿಗೆ ಉಳಿಯುವುದು 1119, ಅದು ತೀರಾ ಕಡಿಮೆ. 250 ಕಳೆದರೆ ಸಾಕು. ಬಸುರಿಯರು, ಎದೆಹಾಲು ಕುಡಿಸುವವರು ಈ ಲೆಕ್ಕಕ್ಕೆ ಬರಲೇಬೇಡಿ, ಡಾಕ್ಟರ್ ಹತ್ತಿರ ಹೋಗಿ. ಕೂತು ಕೆಲಸ ಮಾಡುವ ಉಳಿದವರು ಸೆಡೆಂಟರಿ ಹಾಕಿ! ಇನ್ನೂ ಸಬ್‌ಸ್ಕ್ರೈಬ್ ಆಗಿಲ್ಲದವರು ಆಗಿಬಿಡಿ, ಮುದ್ದೆ ಲೆಕ್ಕ ಖಂಡಿತ ಬರುತ್ತೆ. ಮನೆಯಲ್ಲಿ ಯಾರಾದರೂ ಮಾಡರೇಟ್ ಹಾಕಿಕೊಂಡು ಕೂತಿದ್ದರೆ ಈ ವಿಡಿಯೋ ಕಳಿಸಿ.

ಅವಮಾನ ಅಂದಿರಲ್ಲ ತಂಗಿ, ಅದೊಂದೇ ನನಗೆ ಬೇಜಾರಾಗಿದ್ದು. ಅದು ಬೈಗುಳ ಅಲ್ಲಮ್ಮ, ಗುಣಿಸುವ ಅಂಕಿ. ಜಿಮ್ ಬಿಡಬೇಡಿ. ಈಗಲೇ ಆ್ಯಪ್ ತೆಗೆಯಿರಿ, ಪ್ರೊಫೈಲ್‌ಗೆ ಹೋಗಿ, ಸೆಡೆಂಟರಿ ಒತ್ತಿ. ಮೂರು ವಾರ ಬಿಟ್ಟು ಅದೇ ಕಾಮೆಂಟ್ ಕೆಳಗೆ ತೂಕ ಬರೆಯಿರಿ. ನಾನು ಕಾಯುತ್ತಿರುತ್ತೇನೆ.