ಒಡೆದ ಲ್ಯಾಂಪ್ ಮತ್ತೆ ಮೇಜಿನ ಮೇಲೆ

ನಮಸ್ಕಾರ.

2002ರಲ್ಲಿ ಬಂದ ಸ್ಪೈಡರ್‌ಮ್ಯಾನ್ ಚಿತ್ರ ನಿಮಗೆ ನೆನಪಿರಬಹುದು. ಸ್ಯಾಮ್ ರೈಮಿ ನಿರ್ದೇಶಿಸಿದ್ದು, ಟೋಬಿ ಮಗ್ವಾಯರ್ ನಾಯಕ. ಹುಡುಗ ಪೀಟರ್ ಪಾರ್ಕರ್ ತನ್ನ ಕೋಣೆಯ ಬಾಗಿಲು ಹಾಕಿಕೊಂಡು, ಮಣಿಕಟ್ಟಿನಿಂದ ಜೇಡರಬಲೆಯ ಎಳೆ ಚಿಮ್ಮಿಸುವುದನ್ನು ಅಭ್ಯಾಸ ಮಾಡುತ್ತಿರುತ್ತಾನೆ. ಎಳೆ ಹೋಗಿ ಒಂದು ಲ್ಯಾಂಪಿಗೆ ಅಂಟಿಕೊಳ್ಳುತ್ತದೆ. ಜಗ್ಗುತ್ತಾನೆ. ಲ್ಯಾಂಪ್ ಹಾರಿಬಂದು ಗೋಡೆಗೆ ಬಡಿದು ಚೂರುಚೂರು. ಬಾಗಿಲಾಚೆಯಿಂದ ಆಂಟ್ ಮೇ ಏನಾಯಿತೆಂದು ವಿಚಾರಿಸುತ್ತಾಳೆ. ಆಗ ನೋಡಬೇಕು: ಅದೇ ಲ್ಯಾಂಪ್, ಮೊದಲಿದ್ದ ಜಾಗದಲ್ಲೇ, ಏನೂ ಆಗದಂತೆ ಇಡಿಯಾಗಿ ನಿಂತಿದೆ.

ಸಿನಿಮಾದವರ ಬಾಯಲ್ಲಿ ಇದು ಕಂಟಿನ್ಯುಟಿ ತಪ್ಪು. ಒಂದು ಶಾಟಿಗೂ ಅದರ ಮುಂದಿನ ಶಾಟಿಗೂ ತಾಳೆಯಾಗದೆ ಹೋಗುವುದು. ಸೂಪರ್‌ಹೀರೋ ಚಿತ್ರಗಳಲ್ಲಿ ಇಂಥವು ಧಾರಾಳವಾಗಿ ಸಿಗುತ್ತವೆ. ಅವನ್ನು ಹಿಡಿಯುವುದಕ್ಕೆ ಹದ್ದಿನ ಕಣ್ಣೇನೂ ಬೇಕಿಲ್ಲ. ಚಿತ್ರವನ್ನು ತುಂಡು ತುಂಡಾಗಿ ತೆಗೆದು ಹೊಲಿದಿರುತ್ತಾರೆ. ಆ ಹೊಲಿಗೆ ಎಲ್ಲಿ ಬಿದ್ದಿದೆ ಎಂದು ಗೊತ್ತಾದರೆ ಸಾಕು. ತಪ್ಪು ಇರುವುದು ಹೆಚ್ಚುಕಡಿಮೆ ಯಾವಾಗಲೂ ಅಲ್ಲೇ.

ಇಬ್ಬರು ಮೇಜಿನ ಆಚೆ ಈಚೆ ಕೂತು ಕಾಫಿ ಕುಡಿಯುತ್ತಾ ಮಾತಾಡುವ ಎರಡು ನಿಮಿಷದ ದೃಶ್ಯ ಇದೆ ಎನ್ನಿ. ಮೊದಲು ಇಬ್ಬರೂ ಕಾಣುವಂತೆ ದೂರದಿಂದ ಇಡೀ ಮಾತುಕತೆ ತೆಗೆಯುತ್ತಾರೆ. ಆಮೇಲೆ ಕ್ಯಾಮೆರಾ ಎತ್ತಿ ಒಬ್ಬನ ಮುಖಕ್ಕೆ ಇಟ್ಟು, ಲೈಟುಗಳನ್ನೆಲ್ಲ ಬದಲಿಸಿ, ಅದೇ ಮಾತುಗಳನ್ನು ಮೊದಲಿಂದ ಕೊನೆವರೆಗೆ ಮತ್ತೆ ಹೇಳಿಸುತ್ತಾರೆ. ಆಮೇಲೆ ಇನ್ನೊಬ್ಬನ ಮುಖ. ಒಂದೊಂದಕ್ಕೂ ನಾಲ್ಕೈದು ಟೇಕ್. ನಡುವೆ ಊಟದ ಬ್ರೇಕ್. ತೆರೆಯ ಮೇಲೆ ಎರಡು ನಿಮಿಷವಾಗಿದ್ದು ಸೆಟ್ಟಿನಲ್ಲಿ ಅರ್ಧ ದಿನ ನುಂಗಿರುತ್ತದೆ. ಅಷ್ಟರಲ್ಲಿ ಕಪ್ಪಿನ ಕಾಫಿ ಇಳಿಯುತ್ತದೆ, ಮೇಣದಬತ್ತಿ ಕರಗುತ್ತದೆ, ಕಿವಿಯ ಹಿಂದಿದ್ದ ಕೂದಲು ಮುಂದೆ ಬರುತ್ತದೆ. ಸಂಕಲನಕಾರ ಕೂತು, ಇವನ ಮೂರನೇ ಟೇಕಿನ ಒಂದು ವಾಕ್ಯಕ್ಕೆ ಅವನ ಐದನೇ ಟೇಕಿನ ಒಂದು ನೋಟ ಜೋಡಿಸಿದಾಗ, ಕಪ್ಪಿನೊಳಗಿನ ಕಾಫಿ ಏರಿ ಇಳಿದು ಏರುತ್ತದೆ.

ಇದನ್ನು ಕಾಯುವುದಕ್ಕೆಂದೇ ಹಾಲಿವುಡ್‌ನಲ್ಲಿ ಸ್ಕ್ರಿಪ್ಟ್ ಸೂಪರ್‌ವೈಸರ್ ಎಂಬ ಹುದ್ದೆ ಇದೆ. ನಮ್ಮ ಸೆಟ್ಟುಗಳಲ್ಲಿ ಈ ಕೆಲಸ ಸಾಮಾನ್ಯವಾಗಿ ಒಬ್ಬ ಅಸಿಸ್ಟೆಂಟ್ ಡೈರೆಕ್ಟರ್ ತಲೆಗೆ ಬೀಳುತ್ತದೆ. ಯಾವ ಮಾತಿಗೆ ಯಾವ ಕೈಯಿಂದ ಕಪ್ ಎತ್ತಿದ, ಜಾಕೆಟ್ಟಿನ ಜಿಪ್ ಎಲ್ಲಿಯವರೆಗೆ ಏರಿತ್ತು, ಕತೆಯ ಲೆಕ್ಕದಲ್ಲಿ ಇದು ಎಷ್ಟನೇ ದಿನ, ಹಗಲೋ ರಾತ್ರಿಯೋ, ಎಲ್ಲವನ್ನೂ ಬರೆದಿಡಬೇಕು. ಪ್ರತಿ ಶಾಟಿಗೂ ಚಿತ್ರಕತೆಯ ಹಾಳೆಯ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆಯುವ ಪದ್ಧತಿ ಇದೆ. ಮಾತಾಡುವವನು ಕ್ಯಾಮೆರಾಕ್ಕೆ ಕಂಡಷ್ಟು ಹೊತ್ತು ನೇರ ಗೆರೆ, ಕಾಣದಷ್ಟು ಹೊತ್ತು ಹಾವಿನಂತೆ ವಕ್ರ ಗೆರೆ. ಹಾಳೆ ನೋಡಿದೊಡನೆ ಯಾವ ಮಾತಿಗೆ ಯಾವ ಮುಖ ಸೆರೆಯಾಗಿದೆ, ಯಾವುದು ಆಗಿಲ್ಲ ಎಂದು ಹೇಳಿಬಿಡಬಹುದು.

ಇಷ್ಟಾದರೂ ತಪ್ಪಾಗುವುದು ಹೇಗೆ? ಅದೇ ಸ್ಪೈಡರ್‌ಮ್ಯಾನ್ ಚಿತ್ರಕ್ಕೆ ಮತ್ತೆ ಹೋಗೋಣ. ಮಳೆಯ ರಾತ್ರಿ, ಓಣಿ, ನಾಯಕಿ ಮೇರಿ ಜೇನ್‌ಳನ್ನು ನಾಲ್ವರು ಅಡ್ಡಗಟ್ಟಿದ್ದಾರೆ. ಸ್ಪೈಡರ್‌ಮ್ಯಾನ್ ಬಂದು ಅವರಲ್ಲಿ ಇಬ್ಬರನ್ನು ಎತ್ತಿ ಅವಳ ಹಿಂದಿನ ಎರಡು ಕಿಟಕಿಗಳ ಮೂಲಕ ಎಸೆಯುತ್ತಾನೆ. ಗಾಜು ಪುಡಿಪುಡಿ. ಉಳಿದಿಬ್ಬರಿಗೆ ಏಟು ಬೀಳುವುದನ್ನು ತೋರಿಸಿ ಕ್ಯಾಮೆರಾ ಮತ್ತೆ ಅವಳತ್ತ ಬಂದಾಗ, ಹಿಂದೆ ಎರಡೂ ಕಿಟಕಿಗಳಲ್ಲಿ ಗಾಜು ಭದ್ರವಾಗಿ ಕೂತಿದೆ.

ಇಂಥದ್ದು ಸಾಮಾನ್ಯವಾಗಿ ಆಗುವ ಬಗೆ ಹೀಗೆ. ಸಿನಿಮಾದಲ್ಲಿ ಒಡೆಯುವ ಗಾಜು ನಿಜವಾದ ಗಾಜಲ್ಲ. ಹಿಂದೆ ಸಕ್ಕರೆ ಪಾಕ ಕಾಯಿಸಿ ಹಲಗೆ ಮಾಡುತ್ತಿದ್ದರು, ಈಗ ರಾಳದ ಹಲಗೆ. ಮೈಗೆ ಚುಚ್ಚದೆ ಪುಡಿಯಾಗುತ್ತದೆ. ಒಮ್ಮೆ ಒಡೆದರೆ ಚೂರು ಗುಡಿಸಿ, ಹೊಸ ಹಲಗೆ ಕೂರಿಸಿ, ಮತ್ತೆ ಲೈಟ್ ನೋಡಿಕೊಳ್ಳಬೇಕು. ಹಾಗಾಗಿ ಗಾಜು ಇಡಿಯಾಗಿರುವ ಶಾಟುಗಳನ್ನೆಲ್ಲ ಮೊದಲು ಮುಗಿಸಿ, ಒಡೆಯುವುದನ್ನು ಕೊನೆಗೆ ಇಟ್ಟುಕೊಳ್ಳುವುದು ಲಾಭ. ನಾಯಕಿಯ ಗಾಬರಿಯ ಮುಖ ಕೂಡ ಆಗಲೇ ತೆಗೆದಾಗಿರುತ್ತದೆ. ಸಂಕಲನದಲ್ಲಿ, ಗಾಜು ಒಡೆದ ಮೇಲೂ ಅವಳ ಮುಖ ಒಮ್ಮೆ ಬೇಕು ಅನ್ನಿಸಿದರೆ ಕೈಯಲ್ಲಿರುವುದು ಇಡೀ ಗಾಜಿನ ಮುಂದೆ ತೆಗೆದ ಮುಖ ಮಾತ್ರ. ಮುಖ ಬೇಕೋ, ಕಿಟಕಿ ಬೇಕೋ?

ಬಹುತೇಕ ಸಂಕಲನಕಾರರು ಮುಖವನ್ನೇ ಆರಿಸುತ್ತಾರೆ. ಹೆಸರಾಂತ ಸಂಕಲನಕಾರ ವಾಲ್ಟರ್ ಮರ್ಚ್ ಇದಕ್ಕೆ ಅಂಕಿಯನ್ನೇ ಕೊಟ್ಟಿದ್ದಾರೆ. ಒಂದು ಕಟ್, ಅಂದರೆ ಒಂದು ಶಾಟಿನಿಂದ ಇನ್ನೊಂದಕ್ಕೆ ಹಾರುವ ಜಾಗ, ಒಳ್ಳೆಯದೋ ಕೆಟ್ಟದ್ದೋ ಎಂದು ತೂಗುವಾಗ ಅವರ ಲೆಕ್ಕದಲ್ಲಿ ಭಾವಕ್ಕೆ ನೂರಕ್ಕೆ 51, ಕತೆಗೆ 23, ಲಯಕ್ಕೆ 10. ಯಾರು ಎಲ್ಲಿ ನಿಂತಿದ್ದರು, ಯಾವುದು ಎಲ್ಲಿತ್ತು ಎಂಬ ಜಾಗದ ಹೊಂದಾಣಿಕೆ ಪಟ್ಟಿಯ ಕೊನೆಯಲ್ಲಿ, ಬರೀ 4. ಆದ್ದರಿಂದ ತಪ್ಪು ಸಿಕ್ಕಿದ ಕೂಡಲೇ ಸೆಟ್ಟಿನಲ್ಲಿ ಇದ್ದವರೆಲ್ಲ ಕುರುಡರು ಎಂದು ನಗುವುದು ಆತುರ. ಎಷ್ಟೋ ತಪ್ಪುಗಳು ಗೊತ್ತಿದ್ದೇ ಉಳಿಸಿಕೊಂಡವು.

ಉಳಿಸಿಕೊಳ್ಳುವ ಧೈರ್ಯ ಬರುವುದು ನಮ್ಮ ಕಣ್ಣಿನ ಮೇಲಿನ ನಂಬಿಕೆಯಿಂದ. 1997ರಲ್ಲಿ ಡೇನಿಯಲ್ ಲೆವಿನ್ ಮತ್ತು ಡೇನಿಯಲ್ ಸೈಮನ್ಸ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಪುಟಾಣಿ ಚಿತ್ರ ತೆಗೆದರು. ಇಬ್ಬರು ಹೆಂಗಸರು ಮೇಜಿನ ಎದುರುಬದುರು ಕೂತು ಮಾತಾಡುವುದು, ಅಷ್ಟೇ. ಬೇಕೆಂದೇ ಅದರಲ್ಲಿ ಒಂಬತ್ತು ತಪ್ಪು ಹೂತಿಟ್ಟರು. ಕುತ್ತಿಗೆಯ ಸ್ಕಾರ್ಫ್ ಒಂದು ಶಾಟಿನಲ್ಲಿ ಇದೆ, ಇನ್ನೊಂದರಲ್ಲಿ ಇಲ್ಲ. ಕೆಂಪು ತಟ್ಟೆ ಬಿಳಿಯಾಗುತ್ತದೆ. ನೋಡಿದವರಲ್ಲಿ ಹೆಚ್ಚುಕಡಿಮೆ ಯಾರಿಗೂ ಏನೂ ಕಾಣಲಿಲ್ಲ. ತಪ್ಪುಗಳಿವೆ, ಹುಡುಕಿ ಎಂದು ಮೊದಲೇ ಹೇಳಿ ಮತ್ತೆ ತೋರಿಸಿದರೂ ಅವರಿಗೆ ಸಿಕ್ಕಿದ್ದು ಕೆಲವೇ ಕೆಲವು. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ನೋಡುವುದು ಒಂದು ಸಾಮರ್ಥ್ಯವಲ್ಲ, ಒಂದು ವಿಧಾನ. ವಿಧಾನ ಇಲ್ಲದೆ ಕೂತರೆ ಕತೆ ನಿಮ್ಮನ್ನು ಎಳೆದುಕೊಂಡು ಹೋಗಿಬಿಡುತ್ತದೆ.

ವಿಧಾನ ಹೀಗಿರಲಿ. ಮೊದಲ ಸಲ ಸುಮ್ಮನೆ ಸಿನಿಮಾ ನೋಡಿ. ಎರಡನೇ ಸಲ ಇಡೀ ಚಿತ್ರ ಬೇಡ, ಮೂರು ನಾಲ್ಕು ನಿಮಿಷದ ಒಂದು ದೃಶ್ಯ ಸಾಕು. ಊಟದ ಮೇಜಿನ ಮಾತು, ಹೊಡೆದಾಟ, ಹೊಡೆದಾಟ ಮುಗಿದ ಮರುಕ್ಷಣ, ಇವು ಫಲವತ್ತಾದ ಹೊಲ. ಸೌಂಡ್ ಪೂರ್ತಿ ಬಂದ್ ಮಾಡಿ. ಮಾತು ಮತ್ತು ಸಂಗೀತವೇ ಕಟ್‌ಗಳನ್ನು ಮುಚ್ಚಿಡುವ ಅಂಟು. ಅದು ಹೋದೊಡನೆ ಕಟ್ ಒಂದೊಂದೂ ಕಣ್ಣಿಗೆ ಹೊಡೆಯುತ್ತದೆ. ಈಗ ಒಂದೇ ಒಂದು ವಸ್ತು ಆರಿಸಿಕೊಳ್ಳಿ. ಲೋಟದೊಳಗಿನ ನೀರು, ಗೋಡೆ ಗಡಿಯಾರದ ಮುಳ್ಳು, ಜಿಪ್, ಹಣೆಯ ರಕ್ತದ ಗೆರೆ, ಹಿಂದೆ ನಿಂತ ಕಾರು. ಮುಖದ ಕಡೆ ನೋಡಲೇಬೇಡಿ. ದೃಶ್ಯ ಮುಗಿಯುವವರೆಗೆ ಆ ಒಂದನ್ನೇ ಬೆನ್ನಟ್ಟಿ, ಆಮೇಲೆ ಹಿಂದಕ್ಕೆ ಹೋಗಿ ಇನ್ನೊಂದನ್ನು ಹಿಡಿಯಿರಿ.

ಅನುಮಾನ ಬಂದ ಕಡೆ ಕಟ್‌ನ ಹಿಂದಿನ ಕೊನೆಯ ಫ್ರೇಮ್ (ಒಂದು ಬಿಡಿ ಚಿತ್ರ), ಮುಂದಿನ ಮೊದಲ ಫ್ರೇಮ್, ಎರಡನ್ನೂ ನಿಲ್ಲಿಸಿ ನೋಡಬೇಕು. ಸಿನಿಮಾ ಸೆಕೆಂಡಿಗೆ 24 ಫ್ರೇಮ್ ಓಡುತ್ತದೆ, ಕೈಯಂದಾಜಿಗೆ ಸಿಗುವುದಿಲ್ಲ. ಕಂಪ್ಯೂಟರಿನಲ್ಲಿ ವಿಎಲ್‌ಸಿ ಪ್ಲೇಯರ್ ಇದ್ದರೆ ಕೀಬೋರ್ಡಿನ ಇಂಗ್ಲಿಷ್ 'ಇ' ಒತ್ತಿದಂತೆ ಒಂದೊಂದೇ ಫ್ರೇಮ್ ಮುಂದೆ ಸರಿಯುತ್ತದೆ. ಯೂಟ್ಯೂಬಿನಲ್ಲಿ ವಿಡಿಯೊ ನಿಲ್ಲಿಸಿ ಅಲ್ಪವಿರಾಮದ ಕೀ ಒತ್ತಿದರೆ ಹಿಂದಕ್ಕೆ, ಪೂರ್ಣವಿರಾಮದ ಕೀ ಒತ್ತಿದರೆ ಮುಂದಕ್ಕೆ. ಸಿಕ್ಕಿದ್ದನ್ನು ಬರೆದಿಡುವಾಗ ಎರಡೂ ಫ್ರೇಮಿನ ಗಂಟೆ, ನಿಮಿಷ, ಸೆಕೆಂಡ್ ಇರಲಿ, ಜೊತೆಗೆ ನೋಡಿದ್ದು ಡಿಸ್ಕಿನಲ್ಲೋ ಸ್ಟ್ರೀಮಿಂಗಿನಲ್ಲೋ ಎಂಬುದೂ ಇರಲಿ. ಇದು ವೃಥಾ ಶಿಸ್ತಲ್ಲ. 2019ರಲ್ಲಿ, ಹಳೆಯ ರಾಜರ ಕಾಲದಂಥ ಕತೆಯ ಗೇಮ್ ಆಫ್ ಥ್ರೋನ್ಸ್ ಧಾರಾವಾಹಿಯ ಹಬ್ಬದೂಟದ ಮೇಜಿನ ಮೇಲೆ ಇಂದಿನ ಕಾಲದ ಕಾಫಿ ಕಪ್ ಕಾಣಿಸಿಕೊಂಡು ಜಗತ್ತೆಲ್ಲ ನಕ್ಕಿತು. ಆಮೇಲೆ ಸ್ಟ್ರೀಮಿಂಗ್ ಪ್ರತಿಯಿಂದ ಅದನ್ನು ಅಳಿಸಿಬಿಟ್ಟರು. ಈಗ ಹೋಗಿ ಹುಡುಕಿದರೆ ಮೇಜು ಖಾಲಿ.

ಸೂಪರ್‌ಹೀರೋ ಚಿತ್ರಗಳಿಗೆ ಅವುಗಳದೇ ಆದ ಕಾಯಿಲೆಗಳಿವೆ. ಮೊದಲನೆಯದು ಪೋಷಾಕು. ನಾಯಕನಿಗೆ ಒಂದೇ ಸೂಟ್ ಇರುವುದಿಲ್ಲ. ಹೊಸದು, ಧೂಳು ಹಿಡಿದದ್ದು, ಒಂದಿಷ್ಟು ಹರಿದದ್ದು, ಪೂರ್ತಿ ಹರಿದದ್ದು, ಇವಲ್ಲದೆ ನಟನ ಬದಲು ಹೊಡೆದಾಟಕ್ಕೆ ಇಳಿಯುವ ಸ್ಟಂಟ್ ಡಬಲ್‌ಗೆ ಬೇರೆ, ಒಳಗೆ ಪ್ಯಾಡ್ ಕೂರುವಷ್ಟು ಸಡಿಲವಾದದ್ದು. ಹೊಡೆತ ಬಿದ್ದ ಶಾಟಿನಲ್ಲಿ ಡಬಲ್, ಎದ್ದು ನೋಡುವ ಶಾಟಿನಲ್ಲಿ ನಟ. ಹೆಗಲ ಮೇಲಿದ್ದ ಹರಕು ತೋಳಿಗೆ ಜಾರುವುದು ಇಲ್ಲಿಯೇ. ಆದರೆ ಗಾಯ ಎಡ ಹುಬ್ಬಿನಿಂದ ಬಲ ಹುಬ್ಬಿಗೆ ಹಾರಿದರೆ ತಕ್ಷಣ ಮೇಕಪ್‌ನವರನ್ನು ಬೈಯಬೇಡಿ. ಕೂದಲ ಬೈತಲೆ, ಕೈಗಡಿಯಾರ, ಹಿಂದಿನ ಬೋರ್ಡಿನ ಅಕ್ಷರ ಎಲ್ಲವೂ ಅದಲುಬದಲಾಗಿದೆಯೇ ನೋಡಿ. ಆಗಿದ್ದರೆ ಅದು ಸಂಕಲನದಲ್ಲಿ ಕನ್ನಡಿಯ ಹಾಗೆ ತಿರುಗಿಸಿದ ಶಾಟ್. ಎಡಕ್ಕೆ ಓಡುವವನು ಎಡಕ್ಕೇ ಓಡುತ್ತಿರಲಿ ಎಂದು ಹೀಗೆ ಮಾಡುತ್ತಾರೆ. ಸೂಪರ್‌ಮ್ಯಾನ್‌ನ ಎದೆಯ ಮೇಲೆ ಅಕ್ಷರವೇ ಇರುವುದರಿಂದ ಅವನ ಶಾಟ್ ತಿರುಗಿಸಿದರೆ ಸಿಕ್ಕಿಬೀಳುವುದು ಖಂಡಿತ.

ಎರಡನೆಯದು ರೀಶೂಟ್. ಚಿತ್ರೀಕರಣ ಮುಗಿದು ತಿಂಗಳುಗಳಾದ ಮೇಲೆ ಒಂದಿಷ್ಟು ದೃಶ್ಯ ಮತ್ತೆ ತೆಗೆಯಬೇಕು ಎಂದಾಗುತ್ತದೆ. ಅಷ್ಟರಲ್ಲಿ ನಟರು ಬೇರೆ ಚಿತ್ರಕ್ಕೆ ಕೂದಲು ಕತ್ತರಿಸಿಯೋ ಗಡ್ಡ ಬಿಟ್ಟೋ ಆಗಿರುತ್ತದೆ. 2015ರ ಫೆಂಟಾಸ್ಟಿಕ್ ಫೋರ್ ಚಿತ್ರದಲ್ಲಿ ನಟಿ ಕೇಟ್ ಮಾರಾ ತಲೆಯ ವಿಗ್ ನೋಡಿಯೇ ಯಾವ ದೃಶ್ಯ ಆಮೇಲಿನದು ಎಂದು ಹೇಳಬಹುದು. 2017ರ ಜಸ್ಟಿಸ್ ಲೀಗ್‌ನದು ಇನ್ನೂ ಫಜೀತಿ. ಸೂಪರ್‌ಮ್ಯಾನ್ ಪಾತ್ರದ ಹೆನ್ರಿ ಕ್ಯಾವಿಲ್ ಆಗ ಮಿಷನ್ ಇಂಪಾಸಿಬಲ್ ಚಿತ್ರಕ್ಕಾಗಿ ಮೀಸೆ ಬಿಟ್ಟಿದ್ದರು, ಬೋಳಿಸಲು ಆ ಸ್ಟುಡಿಯೋ ಒಪ್ಪಲಿಲ್ಲ. ಮೀಸೆಯೊಂದಿಗೇ ತೆಗೆದು ಕಂಪ್ಯೂಟರಿನಲ್ಲಿ ಅಳಿಸಿದರು. ಚಿತ್ರದ ಶುರುವಿನಲ್ಲೇ ಹುಡುಗರು ಫೋನ್ ಹಿಡಿದು ಸೂಪರ್‌ಮ್ಯಾನ್‌ನನ್ನು ಮಾತಾಡಿಸುತ್ತಾರಲ್ಲ, ಅಲ್ಲಿ ಮೇಲ್ದುಟಿಯನ್ನು ಮಾತ್ರ ನೋಡಿ. ಮಾತಾಡುವಾಗ ಅದು ಮುಖದ ಜೊತೆ ಕದಲುವುದಿಲ್ಲ.

ಮೂರನೆಯದು ಹೊತ್ತು. 2012ರ ದ ಡಾರ್ಕ್ ನೈಟ್ ರೈಸಸ್ ಚಿತ್ರದಲ್ಲಿ ಖಳನಾಯಕ ಬೇನ್ ಷೇರುಪೇಟೆಗೆ ನುಗ್ಗುವುದು ಹಾಡಹಗಲಲ್ಲಿ. ಕೆಲಸ ಮುಗಿಯಲು ಎಂಟು ನಿಮಿಷ ಬೇಕು ಎಂದು ಅವನ ಕಡೆಯವನೇ ಹೇಳುತ್ತಾನೆ. ಬೈಕ್ ಹತ್ತಿ ಓಡುತ್ತಾರೆ, ಪೊಲೀಸರು ಬೆನ್ನಟ್ಟುತ್ತಾರೆ, ಸುರಂಗ ಬರುತ್ತದೆ, ಸುರಂಗ ದಾಟಿದರೆ ಕಗ್ಗತ್ತಲು. ಬ್ಯಾಟ್‌ಮ್ಯಾನ್ ಕತ್ತಲಲ್ಲೇ ಬರಬೇಕಲ್ಲ! ಅದೇ ಚಿತ್ರದ ಇನ್ನೊಂದು ಹೊಲಿಗೆ ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ. ಬ್ರೂಸ್ ವೇನ್ (ಮುಖವಾಡ ಕಳಚಿದ ಬ್ಯಾಟ್‌ಮ್ಯಾನ್) ಹತ್ತುವ ಬಾವಿಯಂಥ ಸೆರೆಮನೆಯ ಒಳಭಾಗ ಇಂಗ್ಲೆಂಡಿನ ಕಾರ್ಡಿಂಗ್ಟನ್‌ನ ಹಳೆಯ ವಾಯುನೌಕೆ ಶೆಡ್ಡಿನಲ್ಲಿ ಹಾಕಿದ ಸೆಟ್; ಅವನು ಮೇಲೆ ಬಂದು ನಿಲ್ಲುವ ನೆಲ ನಮ್ಮ ಜೋಧಪುರದ್ದು, ಹಿಂದೆ ಕಾಣುವುದು ಮೆಹ್ರಾನ್‌ಗಢ ಕೋಟೆ. ಅಲ್ಲಿಂದ ಕಾಸಿಲ್ಲದೆ ಅವನು ದಿಗ್ಬಂಧನದ ಗಾಥಮ್ ನಗರಕ್ಕೆ ಹೇಗೆ ಹೋದ ಎಂದು ಕೇಳುವವರಿದ್ದಾರೆ. ಕೇಳಬಹುದು, ಆದರೆ ಅದು ಕಂಟಿನ್ಯುಟಿ ತಪ್ಪಲ್ಲ, ಕತೆಯಲ್ಲಿ ಬಿಟ್ಟ ಸಂದು. ಎರಡನ್ನೂ ಒಂದೇ ಪಟ್ಟಿಯಲ್ಲಿ ಬರೆದರೆ ಪಟ್ಟಿಗೆ ಬೆಲೆ ಇರುವುದಿಲ್ಲ.

ತಪ್ಪಲ್ಲದ್ದನ್ನು ತಪ್ಪು ಎನ್ನುವ ಅಪಾಯವೂ ಇದೆ. 1978ರ ಸೂಪರ್‌ಮ್ಯಾನ್‌ನಲ್ಲಿ ಕ್ರಿಸ್ಟಫರ್ ರೀವ್ ತಲೆಯ ಬೈತಲೆ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಇರುತ್ತದೆ. ಅದು ಬೇಕೆಂದೇ ಮಾಡಿದ್ದು: ಅವನ ಸಾಮಾನ್ಯ ಮನುಷ್ಯನ ವೇಷವಾದ ಕ್ಲಾರ್ಕ್ ಕೆಂಟ್‌ಗೆ ಒಂದು ಕಡೆ, ಸೂಪರ್‌ಮ್ಯಾನ್‌ಗೆ ಇನ್ನೊಂದು ಕಡೆ. ಕೆಲವೊಮ್ಮೆ ನಿಜವಾದ ತಪ್ಪನ್ನೇ ಕತೆ ನುಂಗಿಬಿಡುತ್ತದೆ. 2011ರ ಥಾರ್ ಚಿತ್ರದಲ್ಲಿ ಥಾರ್‌ನ ತಂದೆ ಓಡಿನ್‌ನ ಭಂಡಾರದಲ್ಲಿ ಬಲಗೈಗೆ ತೊಡುವ ಇನ್ಫಿನಿಟಿ ಕೈಗವಚ ಇತ್ತು. ಮುಂದಿನ ಚಿತ್ರಗಳಲ್ಲಿ ಖಳನಾಯಕ ಥಾನೋಸ್ ತೊಟ್ಟಿದ್ದು ಎಡಗೈಯದು. ಅಭಿಮಾನಿಗಳು ವರ್ಷಗಟ್ಟಲೆ ತಲೆ ಕೆರೆದುಕೊಂಡರು. 2017ರ ಥಾರ್: ರಾಗ್ನರಾಕ್‌ನಲ್ಲಿ ಖಳನಾಯಕಿ ಹೇಲಾ ಅದೇ ಭಂಡಾರದಲ್ಲಿ ನಡೆಯುತ್ತಾ, ಇದು ನಕಲಿ ಎಂದು ಅದನ್ನು ಕೆಳಗೆ ಉರುಳಿಸುತ್ತಾಳೆ. ಲೆಕ್ಕ ಚುಕ್ತಾ! ಅದೇ ವರ್ಷದ ಸ್ಪೈಡರ್‌ಮ್ಯಾನ್: ಹೋಮ್‌ಕಮಿಂಗ್ ಅಷ್ಟು ಅದೃಷ್ಟವಂತನಲ್ಲ. 2012ರ ದ ಅವೆಂಜರ್ಸ್ ಚಿತ್ರದ ನ್ಯೂಯಾರ್ಕ್ ಕಾಳಗದ ಮರುದಿನಗಳನ್ನು ತೋರಿಸಿ 'ಎಂಟು ವರ್ಷಗಳ ನಂತರ' ಎಂದು ಅಕ್ಷರ ಮೂಡಿತು. ಕೂಡಿದರೆ 2020. ಆದರೆ ಕತೆ ನಡೆಯುವುದು 2016ರ ಕ್ಯಾಪ್ಟನ್ ಅಮೆರಿಕ: ಸಿವಿಲ್ ವಾರ್ ಚಿತ್ರದ ಜಗಳದ ಬೆನ್ನಿಗೇ. ಇಲ್ಲಿ ಫ್ರೇಮ್ ನಿಲ್ಲಿಸಬೇಕಾದದ್ದೇ ಇಲ್ಲ, ಬೆರಳೆಣಿಸಿದರೆ ಸಾಕು.

ಕೊನೆಯದಾಗಿ, ಮುಚ್ಚಿಟ್ಟ ಒಂದು ಹೊಲಿಗೆ. 2012ರ ದ ಅವೆಂಜರ್ಸ್ ಚಿತ್ರದ ಹೆಸರುಗಳೆಲ್ಲ ಓಡಿ ಮುಗಿದ ಮೇಲೆ, ದಣಿದ ನಾಯಕರೆಲ್ಲ ಒಂದು ಹಾಳುಬಿದ್ದ ಹೋಟೆಲಿನಲ್ಲಿ ಶವರ್ಮಾ ತಿನ್ನುವ ತುಣುಕು ಇದೆ, ಮಾತಿಲ್ಲ. ಲಾಸ್ ಏಂಜಲೀಸ್ ಪ್ರೀಮಿಯರ್ ಮುಗಿದ ಮಾರನೇ ದಿನ ತೆಗೆದದ್ದು ಅದು. ಕ್ಯಾಪ್ಟನ್ ಅಮೆರಿಕ ಪಾತ್ರದ ಕ್ರಿಸ್ ಇವಾನ್ಸ್ ಅಷ್ಟರಲ್ಲಿ ಸ್ನೋಪಿಯರ್ಸರ್ ಚಿತ್ರಕ್ಕೆಂದು ಗಡ್ಡ ಬಿಟ್ಟಿದ್ದರು. ಗಡ್ಡದ ಮೇಲೆ ನಕಲಿ ಚರ್ಮ ಅಂಟಿಸಿ ದವಡೆ ಊದಿಕೊಂಡಂತೆ ಆಯಿತು. ಈಗ ಆ ತುಣುಕು ಹಾಕಿ, ಮೇಜಿನ ಸುತ್ತ ನೋಡಿ. ಎಲ್ಲರೂ ತಿನ್ನುತ್ತಿದ್ದಾರೆ. ಕ್ಯಾಪ್ಟನ್ ಅಮೆರಿಕ ಮಾತ್ರ ಗಲ್ಲಕ್ಕೆ ಕೈ ಕೊಟ್ಟು ಸುಮ್ಮನೆ ಕೂತಿದ್ದಾನೆ.

ನಮಸ್ಕಾರ.